ಗಾಳಿಗೆ ಹಾರಿದ ಕೆಂಪು ಏಡಿ

ಮುಖವಾಡ ಒಗೆದು ಒಣಹಾಕಿದವಳು ಹೆಂಡತಿ ಮಿಚಿಯೊ. ಎರಡು ಕ್ಲಿಪ್ಪು ಹಾಕಬೇಕಾದಲ್ಲಿ ಒಂದೇ ಹಾಕಿದ್ದಳು. ಭಾನುವಾರ ಬೆಳಗ್ಗೆ ಎಂಟಕ್ಕೆ ತೊಯಾಮಾ ಕೊಲ್ಲಿಯ ಕಡೆಯಿಂದ ಗಾಳಿ ಎದ್ದಿತು. ಬಾಲ್ಕನಿಯಲ್ಲಿದ್ದ ಕಾಲುಚೀಲ, ಟವೆಲ್ಲುಗಳೆಲ್ಲ ಮರ್ಯಾದೆಯಿಂದ ಇದ್ದಲ್ಲೇ ಇದ್ದವು. ಹಾರಿಹೋದದ್ದು ಕೆಂಪು ಏಡಿಯ ಮುಖ ಮಾತ್ರ.

ಹಲ್ಲುಜ್ಜುತ್ತ ನಿಂತಿದ್ದ ಶೋಗೊ ಮುಕಾಯಿ ಅದು ಬೀದಿ ದಾಟಿ, ಎದುರುಮನೆಯ ತೊಕು ಅಜ್ಜಿಯ ಮೂಲಂಗಿ ಮಡಿಯಲ್ಲಿ ಇಳಿಯುವುದನ್ನು ಕಣ್ಣಾರೆ ಕಂಡ. ಬ್ರಷ್ಷು ಬಾಯಲ್ಲೇ ಉಳಿಯಿತು.

ಶೋಗೊನ ವೃತ್ತಿ ಕುಸ್ತಿ. ಹತ್ತೊಂಬತ್ತನೇ ವಯಸ್ಸಿಗೆ ಸುಮೊ ಪಾಳಯದಿಂದ ಓಡಿಬಂದು ಒಂದು ಸಣ್ಣ ಕುಸ್ತಿ ಕಂಪನಿ ಸೇರಿದವನು. ಮೊದಲ ಏಳು ವರ್ಷ ಸ್ವಂತ ಮುಖದಲ್ಲೇ ಕಾದಾಡಿದ. ಆ ಮುಖ ಎಷ್ಟು ಸಾಧಾರಣವೆಂದರೆ, ಅವನು ಕಣಕ್ಕಿಳಿದ ಕೂಡಲೇ ಪ್ರೇಕ್ಷಕರು ಚಹಾ ಕುಡಿಯಲು ಎದ್ದುಹೋಗುತ್ತಿದ್ದರು. ಕೊನೆಗೆ ಯಜಮಾನ ಇಸುರುಗಿ ಅವನ ತಲೆಗೆ ಏಡಿಯ ಮುಖವಾಡ ಎಳೆದು, "ಇವತ್ತಿಂದ ನೀನು ಕೆಟ್ಟವನು, ತಿಳೀತಾ?" ಎಂದ. ಅಂದಿನಿಂದ ಶೋಗೊ ಅಡ್ಡಡ್ಡ ನಡೆದ, ಎದುರಾಳಿಗಳ ಮೂಗು ಚಿವುಟಿದ, ತೀರ್ಪುಗಾರನ ಬೆನ್ನ ಹಿಂದೆ ಕುರ್ಚಿ ಎತ್ತಿ ಹೊಡೆದ. ಇಡೀ ಜಿಲ್ಲೆ ಅವನಿಗೆ ಹಿಡಿಶಾಪ ಹಾಕಿತು. ಶಾಪ ಹಾಕಲಿಕ್ಕಾದರೂ ಜನ ತನ್ನನ್ನೇ ನೋಡುತ್ತಾರಲ್ಲ ಎಂದು ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಯಜಮಾನನ ಷರತ್ತು ಒಂದೇ: ಮುಖವಾಡದ ಒಳಗೆ ಯಾರಿದ್ದಾರೆಂದು ಊರಿಗೆ ತಿಳಿದ ದಿನ ಮುಖವಾಡ ವಾಪಸ್ಸು. ಕಂಪನಿಯ ಇಪ್ಪತ್ತೆರಡರ ಹುಡುಗನೊಬ್ಬ ಆ ದಿನಕ್ಕಾಗಿ ಬಾಯಲ್ಲಿ ನೀರೂರಿಸಿಕೊಂಡು ಕಾಯುತ್ತಿದ್ದ. ಹಾಗಾಗಿ ಶಿನ್‌ಮಿನಾತೊದ ಈ ಓಣಿಯಲ್ಲಿ ಶೋಗೊ ಮನೆಮನೆಗೆ ಔಷಧಿ ಮಾರುವವನು. ತೊಯಾಮಾದಲ್ಲಿ ಆ ಕಸುಬಿನವರಿಗೇನೂ ಬರವಿಲ್ಲ. ತಿಂಗಳಲ್ಲಿ ಹದಿನೈದು ದಿನ ಊರಲ್ಲಿರದಿದ್ದರೂ ಯಾರೂ ಕೇಳುವುದಿಲ್ಲ.

ಮಧ್ಯಾಹ್ನ ಎರಡಕ್ಕೆ ಪುರಸಭೆಯ ಕ್ರೀಡಾಂಗಣದಲ್ಲಿ ಪಂದ್ಯವಿತ್ತು. ಇನ್ನೊಂದು ಮುಖವಾಡ ಹೋದ ವಾರ ಹರಿದು, ಒಸಾಕಾದ ದರ್ಜಿಯ ಬಳಿ ಕೂತಿತ್ತು.

ಶೋಗೊ ಬೀದಿಗೆ ಬೀಳುವಷ್ಟರಲ್ಲಿ ಅಜ್ಜಿ ಮುಖವಾಡದ ಮಣ್ಣು ಕೊಡವಿ, ಶುಭ್ರವಾದ ಕಾಗದದಲ್ಲಿ ಸುತ್ತಿ, ಚಪ್ಪಲಿ ಮೆಟ್ಟಿಯಾಗಿತ್ತು.

"ಏನಜ್ಜಿ ಅದು?"

"ಯಾರದ್ದೋ ಬಿದ್ದಿತ್ತು. ಪಾಪ, ಎಲ್ಲೆಲ್ಲಿ ಹುಡುಕ್ತಿದಾರೋ. ಪೊಲೀಸ್ ಚೌಕಿಗೆ ಕೊಟ್ಟು ಬರ್ತೀನಿ."

"ನಿಮಗ್ಯಾಕೆ ತೊಂದರೆ? ನಾನು ಆ ಕಡೆನೇ ಹೊರಟಿದೀನಿ, ಕೊಡಿ."

"ಸಿಕ್ಕಿದ್ದು ನನಗೆ, ಕೊಡಬೇಕಾದವಳೂ ನಾನೇ. ಅಲ್ಲಾ, ನಿಂದೇನಾದ್ರೂ ಆಗಿದ್ರೆ ಹೇಳು, ಇಲ್ಲೇ ಕೊಟ್ಬಿಡ್ತೀನಿ."

"ಛೆ ಛೆ! ನನಗ್ಯಾಕೆ ಏಡಿ?" ಎಂದ ಶೋಗೊ. ಬಾಯಿಂದ ಪೇಸ್ಟಿನ ನೊರೆ ಇಳಿಯಿತು. ಅದನ್ನು ಒರೆಸಿಕೊಂಡು ಅಜ್ಜಿಯ ಬೆನ್ನಿಗೇ ನಡೆದ.

ಚೌಕಿಯಲ್ಲಿ ಹೋದ ವಾರವಷ್ಟೇ ವರ್ಗವಾಗಿ ಬಂದ ಪೇದೆ ದೊಯಿ ಕುಳಿತಿದ್ದ. ನಮೂನೆ ತೆಗೆದು, ಸಿಕ್ಕ ಜಾಗ, ಗಳಿಗೆ, ಬಣ್ಣ, ಉದ್ದ, ಅಗಲ ಎಲ್ಲವನ್ನೂ ಬರೆದುಕೊಂಡ. ಏಡಿಯ ಕೊಂಡಿಗಳನ್ನು ಎರಡು ಸಲ ಎಣಿಸಿದ. ಅಷ್ಟರಲ್ಲಿ ಓಣಿ ಸಂಘದ ಅಧ್ಯಕ್ಷರು, ನಿವೃತ್ತ ಹಮಾದಾ ಮೇಷ್ಟ್ರು ಬಂದರು. ಓಣಿಯಲ್ಲಿ ಒಂದು ಸೂಜಿ ಬಿದ್ದರೂ ಅವರು ಬರಲೇಬೇಕು.

"ಇದು ಆ ದುಷ್ಟ ಕೆಂಪು ಏಡೀದಲ್ವೇನ್ರಿ? ಹೋದ ತಿಂಗಳು ಆ ಬಿಳಿ ಹಂಸನ ಬೆನ್ನಿಗೆ ಕುರ್ಚಿ ಮುರಿದವನು!"

"ಅವನ ಕೈ ಸೇದಿಹೋಗ," ಎಂದಳು ಅಜ್ಜಿ. "ಅಲ್ವೇನೋ ಶೋಗೊ?"

"ಹೌದಜ್ಜಿ," ಎಂದ ಶೋಗೊ, ಕೈ ಜೇಬಿಗೆ ಸೇರಿಸುತ್ತ.

"ಯಾರದ್ದೇ ಆಗಲಿ," ಎಂದ ದೊಯಿ, "ಗುರುತಿನ ಚೀಟಿ ಹಿಡ್ಕೊಂಡು ಮಾಲೀಕರೇ ಬರಬೇಕು. ಮುಖಕ್ಕೂ ಚೀಟಿಗೂ ತಾಳೆ ನೋಡಿ ಕೊಡ್ತೀನಿ."

"ಅವರು ಮುಖವಾಡ ಹಾಕ್ಕೊಂಡೇ ಬಂದ್ರೆ?" ಶೋಗೊ ಮೆಲ್ಲಗೆ ಕೇಳಿದ.

"ಮುಖವಾಡ ಇಲ್ಲಿದೆಯಲ್ರಿ. ಏನು ಹಾಕ್ಕೊಂಡು ಬರ್ತಾರೆ?"

ಗಡಿಯಾರ ಹತ್ತು ತೋರಿಸುತ್ತಿತ್ತು. ಮತ್ತೆ ಆ ಬೋಳು ಮುಖ ಹೊತ್ತು ಕಣಕ್ಕಿಳಿಯುವುದು, ಮತ್ತೆ ಜನ ಚಹಾಕ್ಕೆ ಎದ್ದುಹೋಗುವುದನ್ನು ನೋಡುವುದು! ನೆನೆಸಿಕೊಂಡರೇ ಅವನಿಗೆ ಅಳು ಬಂತು.

"ನೋಡಿ, ಆ ಏಡಿ ಅವರು ನನ್ನ ಗಿರಾಕಿ," ಎಂದುಬಿಟ್ಟ. "ಪಾಪ, ಮೈಕೈ ನೋವಿಗೆ ನನ್ನ ಹತ್ರಾನೇ ಔಷಧಿ ತಗೊಳ್ಳೋದು. ಅವರ ಪರವಾಗಿ ನಾನು ಒಯ್ಯಬಹುದಾ?"

"ಧಾರಾಳವಾಗಿ. ಅಧಿಕಾರ ಪತ್ರ ಬೇಕು. ಅದರ ಮೇಲೆ ಸಹಿಯ ಬದಲು ಅವರ ಮೊಹರು."

ಮನೆಗೆ ಓಡಿದ. ಪತ್ರವನ್ನು ಎಡಗೈಯಲ್ಲಿ ಬರೆದ. ಮೊಹರಿಗೇನು ಮಾಡುವುದು? ಹೊಸ ವರ್ಷದ ಕಾರ್ಡಿಗೆಂದು ಗೆಣಸು ಕೆತ್ತಿ ಅಚ್ಚೊತ್ತುವುದು ಊರಿನ ಎಲ್ಲರಂತೆ ಅವನಿಗೂ ಬರುತ್ತಿತ್ತು. "ಮಿಚಿಯೊ, ಗೆಣಸು!" ಎಂದು ಕೂಗಿದ.

"ಒಂದೇ ಇದ್ದದ್ದು. ಬೇಯಿಸಿಬಿಟ್ಟೆ."

ಬೇರೆ ದಾರಿ ಇರಲಿಲ್ಲ. ಹಬೆಯಾಡುವ ಗೆಣಸನ್ನು ಅರ್ಧಕ್ಕೆ ಕತ್ತರಿಸಿ, ಬೆರಳು ಸುಟ್ಟುಕೊಳ್ಳುತ್ತ ಪುಟ್ಟ ಏಡಿಯೊಂದನ್ನು ಕೆತ್ತಿ, ಕೆಂಪು ಮಸಿಗೆ ಅದ್ದಿ ಒತ್ತಿದ. ಕಾಗದದ ಮೇಲೆ ಏಡಿಯ ಬದಲು ಕೆಂಪು ಮುದ್ದೆಯೊಂದು ಮೂಡಿತು. ಒಂದು ತುಂಡು ಗೆಣಸು ಅಲ್ಲೇ ಅಂಟಿಕೊಂಡಿತು.

ದೊಯಿ ಪತ್ರವನ್ನು ಬೆಳಕಿಗೆ ಹಿಡಿದು ನೋಡಿದ. ಮೂಸಿದ. "ಇದು... ಗೆಣಸಾ?"

ಇನ್ನೇನು ಎಲ್ಲ ಮುಗಿಯಿತು, ಇರುವ ಸತ್ಯ ಒದರಿಬಿಡೋಣ ಎಂದು ಶೋಗೊ ಬಾಯಿ ತೆರೆಯುವುದರೊಳಗೆ ಮೇಷ್ಟ್ರು ಕನ್ನಡಕ ಏರಿಸಿ ಬಗ್ಗಿದರು.

"ಆಹಾ, ಎಂಥ ಚಂದದ ಏಡಿ! ಕೊಂಡಿ ಎಷ್ಟು ಸ್ಪಷ್ಟ ಇದೆ! ಜಾಮೀನಿಗೆ ನಾನಿದೀನಿ." ಜೇಬಿನಿಂದ ತಮ್ಮ ಮೊಹರು ತೆಗೆದು ಪಕ್ಕದಲ್ಲಿ ಒತ್ತಿದರು. ಅಜ್ಜಿಯೂ ಸೊಂಟದ ಚೀಲ ತಡಕಿ ತನ್ನದನ್ನೂ ಒತ್ತಿದಳು. ಎರಡು ಅಸಲಿ ಮೊಹರು ಕಂಡ ಮೇಲೆ ದೊಯಿ ನಮೂನೆ ಮಡಚಿಟ್ಟ. ಮುಖವಾಡ ಶೋಗೊನ ಕೈಗೆ ಬಂತು.

ತಲೆ ಬಾಗಿಸಿ ಬಾಗಿಸಿ ಹೊರಬಂದ ಅವನು ಅದನ್ನು ಚೀಲಕ್ಕೆ ತುರುಕಲು ಗೋಡೆಯ ಬದಿಗೆ ನಿಂತ. ಒಳಗಿನ ಮಾತು ಕಿವಿಗೆ ಬಿತ್ತು.

"ಮೇಷ್ಟ್ರೇ, ಆ ಏಡಿ ಅವರೇ ಅಲ್ವಾ?" ದೊಯಿಯ ದನಿ.

"ಶ್! ನೀವು ಹೊಸಬರು, ನಿಮಗೆ ಮೊದಲೇ ಹೇಳ್ಬೇಕಿತ್ತು, ನನ್ನದೇ ತಪ್ಪು. ಹದಿನಾಲ್ಕು ವರ್ಷದಿಂದ ಇಡೀ ಓಣಿಗೆ ಗೊತ್ತು. ನಮಗೆ ಗೊತ್ತು ಅಂತ ಅವನಿಗೆ ಗೊತ್ತಾದ್ರೆ ಸುಮ್ಮನಿರೋ ಪ್ರಾಣಿ ಅಲ್ಲ ಅದು. ಹೋಗಿ ಯಜಮಾನನ ಮುಂದೆ ಎಲ್ಲ ಒಪ್ಪಿಸಿಬಿಡ್ತಾನೆ. ಮುಖವಾಡ ಇನ್ಯಾವನಿಗೋ ಹೋಗತ್ತೆ."

"ಆಮೇಲೆ ಭಾನುವಾರ ನಾವು ಯಾರಿಗೆ ಬೈಯೋದು?" ಎಂದಳು ಅಜ್ಜಿ. "ಬೇರೆಯವನಿಗೆ ಬೈಯೋಕೆ ನನಗೆ ಮನಸ್ಸೇ ಬರಲ್ಲ."

ಶೋಗೊ ಗೋಡೆಗೆ ಒರಗಿ ನಿಂತ. ಹದಿನಾಲ್ಕು ವರ್ಷದ ಭಾರ ಹೆಗಲಿಂದ ಜಾರಿ ಬಿದ್ದಂತಾಯಿತು. ಕಣ್ಣು ಒದ್ದೆಯಾದವು.

ಅಂದು ಮಧ್ಯಾಹ್ನ ಅವನು ಎಂದೂ ಇಲ್ಲದಷ್ಟು ದುಷ್ಟನಾಗಿ ಕಾದಾಡಿದ. ಮೊದಲ ಸಾಲಿನಲ್ಲಿ ಓಣಿಗೆ ಓಣಿಯೇ ಕೂತು ಗಂಟಲು ಹರಿಯುವಂತೆ ಬೈಯಿತು. ಎದುರಾಳಿ ಬಿಳಿ ಹಂಸ ಅವನನ್ನು ಹದಿನೆಂಟು ನಿಮಿಷ ಬಡಿದು, ಮಂಡಿಗೆ ಎರಡು ಒದೆ ಕೊಟ್ಟು ಮಲಗಿಸಿದ. ಚಹಾ ಕುಡಿಯಲು ಒಬ್ಬರೂ ಏಳಲಿಲ್ಲ.

ಸಂಜೆ ಕುಂಟುತ್ತ ಮನೆಗೆ ಬಂದವನು ಹೆಂಡತಿಯ ಕೈ ಹಿಡಿದುಕೊಂಡ. "ಮಿಚಿಯೊ, ಅವರಿಗೆಲ್ಲ ಗೊತ್ತಂತೆ ಕಣೆ!"

"ಗೊತ್ತಿರದೆ ಏನು? ನಾನೇ ತಾನೆ ಹೇಳಿದ್ದು."

"ನೀನಾ!"

"ಈ ಮನೆಗೆ ಬಂದ ಎರಡನೇ ದಿನವೇ. ಔಷಧಿ ಮಾರೋನು ಮೈತುಂಬ ಬಾಸುಂಡೆ ಹೊತ್ಕೊಂಡು ಬಂದ್ರೆ ಏನಂದ್ಕೋತಾರೆ? ನಾನು ನಿಮ್ಮನ್ನ ಹೊಡೀತೀನಿ ಅಂದ್ಕೊಂಡಿದ್ರು. ಮೇಷ್ಟ್ರು ನನಗೆ ಬುದ್ಧಿ ಹೇಳೋಕೆ ಬಂದಿದ್ರು, ಗೊತ್ತಾ?" ಆಮೇಲೆ ದನಿ ತಗ್ಗಿಸಿದಳು. "ನಿಮಗೆ ಗೊತ್ತಾಯ್ತು ಅಂತ ಮಾತ್ರ ಅವರಿಗೆ ಬಿಟ್ಟುಕೊಡಬೇಡಿ. ಅಷ್ಟು ವರ್ಷ ಕಷ್ಟಪಟ್ಟು ಮುಚ್ಚಿಟ್ಟಿದಾರೆ, ಪಾಪ ಬೇಜಾರಾಗತ್ತೆ."

ಬಾಗಿಲ ಗಂಟೆ ಬಾರಿಸಿತು. ಮೂಲಂಗಿ ಉಪ್ಪಿನಕಾಯಿಯ ಡಬ್ಬಿ ಹಿಡಿದು ತೊಕು ಅಜ್ಜಿ ನಿಂತಿದ್ದಳು, ಅವಳ ಹಿಂದೆ ಮೇಷ್ಟ್ರು. ಇಬ್ಬರ ದನಿಯೂ ಒಡೆದುಹೋಗಿತ್ತು.

"ಶೋಗೊ, ಇವತ್ತಿನ ಪಂದ್ಯ ನೋಡಿದ್ಯಾ?"

ಶೋಗೊ ಹೆಂಡತಿಯ ಮುಖ ನೋಡಿದ. ಅವಳು ಚಹಾ ತರಲು ಒಳಗೆ ಹೋಗಿಬಿಟ್ಟಳು.

"ಇಲ್ಲ ಅಜ್ಜಿ. ಊರಲ್ಲಿರಲಿಲ್ಲ, ವ್ಯಾಪಾರಕ್ಕೆ ಹೋಗಿದ್ದೆ."

"ಅಯ್ಯೋ, ಎಂಥದ್ದು ತಪ್ಪಿಸಿಕೊಂಡೆ! ಕೂತ್ಕೋ, ಮೊದಲಿಂದ ಹೇಳ್ತೀನಿ."

ಹಿರಿಯರು ಚಾಪೆಯ ಮೇಲೆ ಮಂಡಿಯೂರಿ ಕೂತಾಗ ಶೋಗೊ ಕಾಲು ಚಾಚುವಂತಿರಲಿಲ್ಲ. ಒದೆ ತಿಂದ ಮಂಡಿಗಳನ್ನೇ ಮಡಿಸಿ ಅವನೂ ಕೂತ. ಅಜ್ಜಿ ಒಂದು ಗಂಟೆ ಹೇಳಿದಳು. ಎರಡು ಒದೆಯನ್ನು ಆರು ಮಾಡಿದಳು. ಮೇಷ್ಟ್ರು ಎಂಟು ಎಂದು ತಿದ್ದಿದರು. ಏಡಿ ಕೊನೆಗೆ ಅಮ್ಮಾ ಎಂದು ಅತ್ತ ಎಂದು ಇಬ್ಬರೂ ಆಣೆ ಮಾಡಿದಾಗ, ಅಳದೆ ಇದ್ದ ಏಡಿ, "ಹೌದಾ? ಅವನಿಗೆ ಹಾಗೇ ಆಗಬೇಕು," ಎಂದು ತಲೆಯಾಡಿಸಿತು.