ಅಜ್ಜಿ ಯಾವ ಗಾಡಿ ಮುಂದಿನ ಸೀಟಲ್ಲಿ ಕೂರ್ತಾರೆ

ಇದನ್ನ ಯಾರ ಹತ್ರನೂ ಹೇಳ್ಕೂಡ್ದು ಅಂತ ಅಜ್ಜಿ ನನ್ನ ಗಲ್ಲ ಹಿಡ್ಕೊಂಡು ಹೇಳಿದಾರೆ. ಅಮ್ಮನೂ ಹೇಳಿದಾರೆ, ಮರ್ಯಾದೆ ಹೋಗುತ್ತೆ ಅಂತ. ನಾನು ಹಾಗೆಲ್ಲ ಹೇಳೋಳೂ ಅಲ್ಲ. ಮನೆಗೆ ನೆಂಟರು ಬಂದ್ರೆ ಪುಸ್ತಕ ತಗೊಂಡು ಒಳಗಿನ ರೂಮಿಗೆ ಹೋಗ್ಬಿಡ್ತೀನಿ. ಆದ್ರೆ ನಮ್ಮನೇಲಿ ಇಂಥದ್ದು ಒಂದಾದ ಮೇಲೆ ಒಂದು ನಡೀತಾನೇ ಇರುತ್ತೆ, ಎಲ್ಲಾನೂ ಹೊಟ್ಟೇಲಿಟ್ಕೊಂಡು ಕಾಲೇಜಿಗೆ ಹೋಗೋಕೆ ಆಗಲ್ಲ. ಒಂದ್ಸಲ ಹೇಳ್ಬಿಡ್ತೀನಿ.

ಮೊದ್ಲು ನಮ್ಮನೆ ಒಂದು ಪದ್ಧತಿ ಹೇಳ್ಬೇಕು. ನಮ್ಮ ಮನೆದೇವ್ರು ಮಾದಪ್ಪ. ವರ್ಷಕ್ಕೊಂದ್ಸಲ ಎಲ್ಲರೂ ಮಾದಪ್ಪನ ಬೆಟ್ಟಕ್ಕೆ ಹೋಗ್ತೀವಿ. ಅಜ್ಜಿಗೆ ಇಬ್ರು ಹೆಣ್ಮಕ್ಕಳು, ನಮ್ಮಮ್ಮ ಮತ್ತೆ ಚಿಕ್ಕಮ್ಮ. ತಾತ ಹೋದ ಮೇಲೆ, ಅಜ್ಜಿ ಯಾವ ಅಳಿಯನ ಗಾಡಿ ಮುಂದಿನ ಸೀಟಲ್ಲಿ ಕೂತು ಬೆಟ್ಟ ಹತ್ತುತ್ತಾರೋ ಆ ಅಳಿಯನೇ ಮನೆ ಪರವಾಗಿ ಮೊದಲ ಕಾಯಿ ಒಡಿಸೋದು. ಇಷ್ಟು ವರ್ಷ ಆ ಅಳಿಯ ನಮ್ಮಪ್ಪ. ಕಾರು ಇದ್ದಿದ್ದು ನಮ್ಮ ಮನೇಲಿ ಮಾತ್ರ, ಅದಕ್ಕೆ.

ಗೇಟಿಗಿಂತ ಎತ್ತರ

ಒಂದು ಭಾನುವಾರ ಬೆಳಿಗ್ಗೆ ಅಪ್ಪ ಕೃಷ್ಣಮೂರ್ತಿಪುರಂ ಮನೆ ವರಾಂಡದಲ್ಲಿ ಪೇಪರ್ ಓದ್ತಾ ಕೂತಿದ್ರು. ಹಾರ್ನ್ ಕೇಳ್ತು. ತಲೆ ಎತ್ತಿದ್ರೆ ಗೇಟಿನ ಮೇಲಿಂದ ಚಿಕ್ಕಪ್ಪನ ಮುಖ ಕಾಣ್ತಿದೆ. ನಿಂತಿಲ್ಲ, ಕೂತಿದಾರೆ. ಕಪ್ಪು ಬಣ್ಣದ ಹೊಸ ಎಸ್‌ಯುವಿ, ಹಿಂದೆ ಬಾಗಿಲಿಗೆ ಒಂದು ಸ್ಟೆಪ್ನಿ ಬೇರೆ ನೇತಾಕೊಂಡಿದೆ.

"ಅಣ್ಣ, ಹೊರಗೆ ಬನ್ನಿ" ಅಂದ್ರು ಚಿಕ್ಕಪ್ಪ.

"ಇರಪ್ಪ, ಇದೊಂದು ಮುಗಿಸ್ಬಿಡ್ತೀನಿ" ಅಂದ್ರು ಅಪ್ಪ. ಅವರು ಓದ್ತಿದ್ದಿದ್ದು ಟೆಂಡರ್ ನೋಟೀಸಿನ ಪುಟ.

ಅಮ್ಮ ಕಿಟಕಿ ಹಿಂದೆ ನಿಂತು, "ಅವಳು ಇಳಿಯೋದು ನೋಡು, ವಿಮಾನದಿಂದ ಇಳ್ದಂಗೆ" ಅಂದ್ರು. ಅವಳು ಅಂದ್ರೆ ಸ್ವಂತ ತಂಗಿ.

ಒಂದು ರೌಂಡ್ ಹೋಗಿ ಬಂದ್ವಿ. ನಾನು ಹಿಂದೆ ಕೂತಿದ್ದೆ. ನಿಜ ಹೇಳ್ತೀನಿ, ಅಲ್ಲಿಂದ ಎಲ್ಲರ ಕಾಂಪೌಂಡ್ ಒಳಗೂ ಕಾಣುತ್ತೆ. ಯಾರ ಮನೇಲಿ ಹಪ್ಪಳ ಒಣಗಿಸಿದಾರೆ, ಯಾರ ಮನೆ ನಾಯಿ ಸೋಫಾ ಮೇಲೆ ಮಲಗಿದೆ, ಎಲ್ಲಾ. ಮಾರನೇ ದಿನ ನಮ್ಮ ಪುಟ್ಟ ಬಿಳಿ ಕಾರಲ್ಲಿ ಕೂತಾಗ ಬಕೆಟ್ಟಲ್ಲಿ ಕೂತಂಗಾಯ್ತು. ಹೊಟ್ಟೆ ಉರೀತು. ಆದ್ರೆ ಅಪ್ಪನ ಮುಂದೆ ನನ್ನದು ಏನೇನೂ ಅಲ್ಲ.

ಅಪ್ಪ ಫಿಸಿಕ್ಸ್ ಲೆಕ್ಚರರ್. ಚಿಕ್ಕಪ್ಪನಿಗೆ ಪೇಂಟ್ ಅಂಗಡಿ. ಕಾಫಿ ಕುಡೀತಾ ಅಪ್ಪ, "ಚೆನ್ನಾಗಿದೆ, ಚೆನ್ನಾಗಿದೆ. ಆದ್ರೆ ಸೆಂಟರ್ ಆಫ್ ಗ್ರಾವಿಟಿ ಮೇಲಿದೆ ಕಣಪ್ಪ" ಅಂದ್ರು.

"ಹಂಗಂದ್ರೆ?"

ಅಪ್ಪ ಅಡುಗೆಮನೆಯಿಂದ ಒಂದು ಮಣೆ ತಂದ್ರು. ಅದರ ಮೇಲೆ ಚಪಾತಿ ಡಬ್ಬ ಇಟ್ರು, ಪಕ್ಕದಲ್ಲಿ ಎತ್ತರದ ರವೆ ಡಬ್ಬ. ಆಮೇಲೆ ಮಣೆನ ನಿಧಾನಕ್ಕೆ ವಾಲಿಸಿದ್ರು. "ನೋಡು, ಇದು ನಿಮ್ಮ ಗಾಡಿ, ಇದು ಘಾಟ್ ರಸ್ತೆ." ರವೆ ಡಬ್ಬ ಮಗುಚಿಕೊಳ್ತು, ಮುಚ್ಚಳ ಬಿಚ್ಕೊಳ್ತು, ಹಾಲ್ ತುಂಬಾ ರವೆ.

ಚಿಕ್ಕಪ್ಪ ಪ್ಯಾಂಟ್ ಕೊಡವಿಕೊಂಡು ಎದ್ರು. "ಆಯ್ತಣ್ಣ, ನಾನು ಗಾಡೀಲಿ ರವೆ ತುಂಬಲ್ಲ ಬಿಡಿ."

ಟೆಸ್ಟ್ ಡ್ರೈವ್

ಅವತ್ತಿಂದ ನಾನು ಲೈಬ್ರರಿಯಿಂದ ಕಾರಿನ ಮ್ಯಾಗಜೀನ್ ತರೋದು, ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಓದಿ ಹೇಳೋದು. ಹಾಗೇ ಕ್ರಾಸೋವರ್ ಅನ್ನೋ ಮಾತು ನಮ್ಮನೆಗೆ ಬಂತು. ನನಗೆ ಅರ್ಥ ಆಗಿದ್ದು ಇಷ್ಟು. ಎಸ್‌ಯುವಿ ಅಂದ್ರೆ ಲಾರಿ ಥರ ಗಟ್ಟಿ ಚಾಸಿ ಮೇಲೆ ಬಾಡಿ ಕೂರಿಸಿರೋದು. ಕ್ರಾಸೋವರ್ ಅಂದ್ರೆ ಕಾರಿಗೇ ಜೀಪಿನ ಅಂಗಿ ತೊಡಿಸಿರೋದು. ಎಸ್‌ಯುವಿಗೆ ಪವರ್ ಜಾಸ್ತಿ, ಆದ್ರೆ ತಿರುವಲ್ಲಿ ಓಲಾಡುತ್ತೆ. ಕ್ರಾಸೋವರ್ ತಿರುವಲ್ಲಿ ನೆಲ ಕಚ್ಕೊಂಡು ಹೋಗುತ್ತೆ, ಆದ್ರೆ ಜನ ತುಂಬ್ಕೊಂಡು ಏರು ಹತ್ತಿದ್ರೆ ಏದುಸಿರು ಬಿಡುತ್ತೆ.

"ಓಲಾಡುತ್ತೆ ಅನ್ನೋದನ್ನ ಇನ್ನೊಂದ್ಸಲ ಓದು" ಅಂದ್ರು ಅಪ್ಪ. ಓದಿದೆ. ಏದುಸಿರಿನ ಭಾಗಕ್ಕೆ ಬಂದಾಗ, "ಅದು ಬಿಡು, ಅದೆಲ್ಲ ಬರೆದವರ ಊರಿನ ರಸ್ತೆಗೆ" ಅಂದ್ರು.

ಕ್ರಾಸೋವರ್ ನೋಡೋಕೆ ಶೋರೂಮಿಗೆ ಹೋದ್ವಿ. ಟೈ ಕಟ್ಕೊಂಡಿದ್ದ ಒಬ್ರು ಅಪ್ಪನ ಪಕ್ಕ ಕೂತ್ರು, ಹಿಂದೆ ನಾನೂ ಅಮ್ಮನೂ. ಅಮ್ಮನ ಕೈಲಿ ಒಂದು ಸ್ಟೀಲ್ ಲೋಟ, ಅಂಚಿನವರೆಗೂ ನೀರು. ಸ್ಟೆಬಿಲಿಟಿ ಪರೀಕ್ಷೆ ಅಂತ ಅಪ್ಪ ಮನೆಯಿಂದಲೇ ತರಿಸಿದ್ರು. ಟೈ ಕಟ್ಕೊಂಡವರು ಲೋಟ ನೋಡಿದ್ರು, ಹೊಸ ಸೀಟ್ ನೋಡಿದ್ರು, ಬೆಲ್ಟ್ ಹಾಕ್ಕೊಂಡ್ರು.

ಲಲಿತಮಹಲ್ ರೋಡಲ್ಲಿ ಅಪ್ಪ ಗಾಡಿ ಓಡಿಸಿದ್ರು. ಎಳನೀರಿನ ಸೈಕಲ್ ಒಂದು ನಮ್ಮನ್ನ ದಾಟ್ಕೊಂಡು ಹೋಯ್ತು. ಎಳನೀರಿನವನು ತಿರುಗಿ ನೋಡ್ದ, ಕೆಟ್ಟೋಗಿದೆಯೇನೋ ಅನ್ಕೊಂಡು. ಒಂದು ಹನಿ ನೀರು ಚೆಲ್ಲಲಿಲ್ಲ.

"ನೋಡಿದ್ಯಾ, ಸ್ಟೆಬಿಲಿಟಿ ಅಂದ್ರೆ ಇದು" ಅಂದ್ರು ಅಪ್ಪ.

"ಸರ್, ಇನ್ನೂ ಎರಡನೇ ಗೇರಲ್ಲೇ ಇದೀರ" ಅಂದ್ರು ಟೈನವರು.

ಅಮ್ಮ ಲೋಟದಿಂದ ಕಣ್ಣು ತೆಗೀದೆ, "ಇಷ್ಟು ಸ್ಟೆಡಿಯಾಗಿ ನಮ್ಮನೆ ಬೀರೂನೂ ನಿಂತಿರುತ್ತೆ ಕಣ್ರೀ" ಅಂದ್ರು.

ಆದ್ರೂ ತಗೊಂಡ್ವಿ.

ಗಜನಿಂಬೆ

ಪೂಜೆ ಅಜ್ಜಿ ಮನೆ ಮುಂದೆ. ಅಜ್ಜಿ ಮನೆ ಚಾಮರಾಜಪುರಂನಲ್ಲಿ, ಇಬ್ರು ಮಕ್ಕಳ ಮನೆಗೂ ನಡ್ಕೊಂಡು ಹೋಗೋವಷ್ಟು ದೂರ. ಚಿಕ್ಕಪ್ಪ ಬಂದವರೇ ಅವರ ಗಾಡಿನ ನಮ್ಮ ಗಾಡಿಗೆ ಸರಿಯಾಗಿ ಮುಂದೆ ತಂದು ನಿಲ್ಲಿಸಿದ್ರು. ಎರಡನ್ನೂ ಒಟ್ಟಿಗೆ ನೋಡಿದ್ರೆ ನಮ್ಮದು ಅವರದ್ರ ಮರಿ ಥರ ಕಾಣ್ತು.

ಹೊಸ ಗಾಡಿ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹತ್ತಿಸೋದು ನಿಮಗೆ ಗೊತ್ತಲ್ಲ. ಅಮ್ಮ ಗಾಡಿ ಮೂತಿಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ಇಡ್ತಾ ಇದ್ರು. ಚಿಕ್ಕಮ್ಮ ಸುಮ್ನಿರ್ಬೇಕೋ ಬೇಡ್ವೋ, "ನಮ್ಮ ಗಾಡಿಗೆ ನಿಂಬೆಹಣ್ಣು ಹತ್ತಿದ್ದು ಗೊತ್ತೇ ಆಗ್ಲಿಲ್ಲ ಅಕ್ಕ, ಟೈರು ಅಷ್ಟು ದೊಡ್ದು" ಅಂದ್ರು.

ಅಮ್ಮ ಇಟ್ಟಿದ್ದ ನಿಂಬೆಹಣ್ಣೆಲ್ಲ ವಾಪಸ್ ಎತ್ಕೊಂಡ್ರು. ಸೀದಾ ಅಜ್ಜಿ ಅಡುಗೆಮನೆಗೆ ಹೋದ್ರು. ಉಪ್ಪಿನಕಾಯಿಗೆ ಅಂತ ಅಜ್ಜಿ ತೆಗೆದಿಟ್ಟಿದ್ದ ಗಜನಿಂಬೆ ತಂದ್ರು, ಒಂದೊಂದೂ ತೆಂಗಿನಕಾಯಿ ಗಾತ್ರ. ಅದನ್ನ ಚಕ್ರಕ್ಕೆ ಕೊಟ್ರು.

ಅಪ್ಪ ಆಕ್ಸಿಲರೇಟರ್ ಒತ್ತಿದ್ರು. ಗಾಡಿ ಅಲ್ಲಾಡ್ಲಿಲ್ಲ. ಚಿಕ್ಕಪ್ಪ ಕೈ ಕಟ್ಕೊಂಡು, "ಪವರ್ ಸಾಲ್ತಿಲ್ವಾ ಅಣ್ಣ?" ಅಂದ್ರು. ಅಷ್ಟು ಸಾಕಾಯ್ತು. ಅಪ್ಪ ಪೂರ್ತಿ ಒತ್ತಿದ್ರು. ಗಜನಿಂಬೆ ಒಡೀತು, ಗಾಡಿ ಅದರ ಮೇಲಿಂದ ನೆಗೀತು, ನೆಗೆದು ಹೋಗಿ ಚಿಕ್ಕಪ್ಪನ ಗಾಡಿ ಸ್ಟೆಪ್ನಿಗೆ ಮುತ್ತಿಟ್ಟು ನಿಂತ್ಕೊಳ್ತು.

ಚಿಕ್ಕಪ್ಪ ನಿಧಾನಕ್ಕೆ ಹೋಗಿ, ಬಗ್ಗಿ, ಬೆರಳಲ್ಲಿ ಉಜ್ಜಿ ನೋಡಿದ್ರು. "ಏನೂ ಆಗಿಲ್ಲ ಅಣ್ಣ. ನಿಮ್ಮ ಗಾಡಿ ನಮ್ಮ ಗಾಡಿಗೆ ಕುಂಕುಮ ಇಟ್ಟಿದೆ, ಅಷ್ಟೇ."

ಮುಂದಕ್ಕೆ ಬಗ್ಗಿ

ಮಾದಪ್ಪನ ಬೆಟ್ಟದ ದಿನ ಹತ್ತಿರ ಬಂತು. ಅಜ್ಜಿ ಯಾವ ಗಾಡಿ ಅಂತ ಬಾಯಿ ಬಿಡ್ತಿಲ್ಲ. ಎರಡೂ ಗಾಡೀಲಿ ಚಾಮುಂಡಿ ಬೆಟ್ಟಕ್ಕೆ ಹೋಗಿ ನೋಡೋಣ, ಆಮೇಲೆ ಅತ್ತೆನೇ ಹೇಳ್ಲಿ ಅಂತ ಅಳಿಯಂದಿರಿಬ್ರೂ ಮಾತಾಡ್ಕೊಂಡ್ರು. ಎರಡು ಸಲನೂ ಅಜ್ಜಿಗೆ ಜೊತೆಗೆ ಅಂತ ನನ್ನನ್ನ ಕಳಿಸಿದ್ರು.

ಮೊದ್ಲು ಚಿಕ್ಕಪ್ಪನ ಗಾಡಿ. ಹತ್ತೋಕೆ ಅಜ್ಜಿಗೆ ಕಾಲು ಎಟುಕಲ್ಲ. ನಾನು ಕೆಳಗೆ ಮಣೆ ಇಟ್ಟೆ, ಚಿಕ್ಕಮ್ಮ ಹಿಂದಿನಿಂದ ತಳ್ಳಿದ್ರು. ಗಾಡಿ ಬೆಟ್ಟನ ಬೆಣ್ಣೆ ಥರ ಹತ್ತಿಬಿಡ್ತು, ಸುಳ್ಳು ಹೇಳಲ್ಲ. ಆದ್ರೆ ಎಡಕ್ಕೆ ತಿರುಗಿದ್ರೆ ಅಜ್ಜಿ ಬಲಕ್ಕೆ, ಬಲಕ್ಕೆ ತಿರುಗಿದ್ರೆ ಎಡಕ್ಕೆ. ಹಣೆ ವಿಭೂತಿ ಅರ್ಧ ಕಿಟಕಿ ಗಾಜಿಗೆ ಹತ್ಕೊಂಡಿತ್ತು.

"ಹೆಂಗಿತ್ತು ಅತ್ತೆ?" ಅಂದ್ರು ಚಿಕ್ಕಪ್ಪ.

"ಚೆಂದಾಗದೆ ಕಣಪ್ಪ. ನನ್ನ ಹೊಟ್ಟೆ ಮಾತ್ರ ಇನ್ನೂ ಕೆಳಗಿನ ತಿರುವಲ್ಲೇ ಅದೆ."

ಅಪ್ಪನಿಗೆ ಇದನ್ನ ಹೇಳ್ದಾಗ ಎರಡು ಹೋಳಿಗೆ ಜಾಸ್ತಿ ತಿಂದ್ರು.

ಆಮೇಲಿನ ವಾರ ನಮ್ಮ ಗಾಡಿ. ಅಪ್ಪ, ಮುಂದೆ ಅಜ್ಜಿ, ಹಿಂದೆ ಅಮ್ಮ ಮತ್ತೆ ನಾನು. ನಮ್ಮ ಜೊತೆಗೆ ಚಿಕ್ಕಪ್ಪ ಚಿಕ್ಕಮ್ಮನೂ ಬಂದು ಒತ್ಕೊಂಡು ಕೂತ್ರು. "ಹ್ಯಾಂಡ್ಲಿಂಗ್ ನೋಡೋಣ ಅಂತ" ಅಂದ್ರು ಚಿಕ್ಕಪ್ಪ. ಭಾರ ಹಾಕೋಕೆ ಬಂದಿದಾರೆ ಅಂತ ಎಲ್ಲರಿಗೂ ಗೊತ್ತು. ತಿರುವಲ್ಲೆಲ್ಲ ಗಾಡಿ ಚೆನ್ನಾಗೇ ಹೋಯ್ತು, ಅಜ್ಜಿ ಅಲ್ಲಾಡ್ಲೇ ಇಲ್ಲ. ಅಪ್ಪ ಕನ್ನಡೀಲಿ ಚಿಕ್ಕಪ್ಪನ ಮುಖಾನೇ ನೋಡ್ತಿದ್ರು. ಕಡಿದಾದ ಏರು ಬಂದಾಗ ಗಾಡಿ ಗೊರ ಗೊರ ಅನ್ನೋಕೆ ಶುರು ಮಾಡ್ತು.

"ಏಸಿ ಆಫ್ ಮಾಡಿ ಅಣ್ಣ" ಅಂದ್ರು ಚಿಕ್ಕಪ್ಪ, ತುಂಬಾ ಪ್ರೀತಿಯಿಂದ.

ಆಫ್ ಆಯ್ತು. ಹಿಂದೆ ಬಂದ ಬಸ್ಸು ಹಾರ್ನ್ ಹೊಡೀತು. ಅಪ್ಪನ ಕುತ್ತಿಗೇಲಿ ಬೆವರು. ಕೊನೆಗೆ ಇಪ್ಪತ್ತು ವರ್ಷದಿಂದ ಫಿಸಿಕ್ಸ್ ಹೇಳ್ಕೊಡೋ ನಮ್ಮಪ್ಪ, "ಎಲ್ಲರೂ ಸ್ವಲ್ಪ ಮುಂದಕ್ಕೆ ಬಗ್ಗಿ" ಅಂದ್ರು.

ಬಗ್ಗಿದ್ವಿ. ಚಿಕ್ಕಪ್ಪನೂ ಬಗ್ಗಿದ್ರು, ನಗು ಮುಚ್ಕೊಳ್ಳೋಕೆ ಅದೇ ಅನುಕೂಲ ಆಯ್ತು ಅವರಿಗೆ. ಹಾಗೇ ಬಗ್ಗಿಕೊಂಡೇ ಬೆಟ್ಟದ ಮೇಲೆ ಬಂದ್ವಿ.

ಅಜ್ಜಿ ಇಳಿದು ಸೊಂಟ ನೆಟ್ಟಗೆ ಮಾಡ್ಕೊಂಡು, "ನಾವೇ ಎಳ್ಕಂಡು ಬಂದಂಗಾಯ್ತು. ಮುಂದಿನ ಸಲ ಕಾರು ಮನೇಲೇ ಬುಟ್ಟು ಬರಾಣ" ಅಂದ್ರು.

ಮಣೆ

ಮಾದಪ್ಪನ ಬೆಟ್ಟಕ್ಕೆ ಹೊರಡೋ ಹಿಂದಿನ ಸಂಜೆ ಅಪ್ಪ ಅಜ್ಜಿ ಮನೆಗೆ ಮೈಸೂರು ಪಾಕ್ ತಗೊಂಡು ಹೋದ್ರು. ಅಲ್ಲಿ ಚಿಕ್ಕಪ್ಪ ಆಗ್ಲೇ ಕೂತಿದ್ರಂತೆ, ಮೈಸೂರು ಪಾಕ್ ಜೊತೆ. ಅಜ್ಜಿ ಎರಡನ್ನೂ ಒಂದೇ ಡಬ್ಬಕ್ಕೆ ಹಾಕಿ, "ಬೆಳಿಗ್ಗೆ ನೋಡಾಣ" ಅಂದ್ರಂತೆ.

ಬೆಳಿಗ್ಗೆ ಅಜ್ಜಿಗೆ ಸಹಾಯ ಮಾಡೋಕೆ ನನ್ನನ್ನ ಮುಂಚೆನೇ ಕಳಿಸಿದ್ರು. ಹೋಗಿ ನೋಡಿದ್ರೆ ಅಜ್ಜಿ ಸ್ನಾನ ಮುಗಿಸಿ, ವಿಭೂತಿ ಇಟ್ಕೊಂಡು, ಚೀಲ ಹಿಡ್ಕೊಂಡು ಹಿತ್ತಿಲ ಬಾಗಿಲಲ್ಲಿ ನಿಂತಿದಾರೆ. ಜೊತೆಗೆ ಎದುರುಮನೆ ಅಕ್ಕ.

"ನಾನು ಬಸ್ಸಲ್ಲಿ ಹೋಯ್ತಾ ಇವ್ನಿ ಮಗ. ಯಾರಿಗೂ ಹೇಳ್ಬ್ಯಾಡ."

"ಅಜ್ಜಿ, ಬಸ್ಸಿನ ಸೆಂಟರ್ ಆಫ್ ಗ್ರಾವಿಟಿ..." ಅಂದೆ.

"ನೀನೂ ಶುರು ಮಾಡ್ಬ್ಯಾಡ." ಅಜ್ಜಿ ನನ್ನ ಗಲ್ಲ ಹಿಡ್ಕೊಂಡ್ರು. "ಒಬ್ಬನ ಗಾಡೀಲಿ ಕೂತ್ರೆ ಇನ್ನೊಬ್ಬ ಮುಂದಿನ ವರ್ಷದ ತನಕ ಮಕ ಊದುಸ್ಕತಾನೆ. ಅವರಿಬ್ರ ಹೊಟ್ಟೆಕಿಚ್ಚಲ್ಲಿ ನಾನ್ಯಾಕೆ ಬೇಯ್ಲಿ? ಬಸ್ಸಲ್ಲಿ ಮುಂದಿನ ಸೀಟು ಯಾವ ಅಳಿಯಂದೂ ಅಲ್ಲ. ಈ ಸಲ ಕಾಯಿ ನಾನೇ ಒಡಿಸ್ತೀನಿ."

ಮುಂಬಾಗಿಲಿಗೆ ಒಳಗಿಂದ ಚಿಲಕ ಹಾಕಿದ್ರು. ಹಿತ್ತಿಲ ಬಾಗಿಲಿಗೆ ಬೀಗ ಹಾಕಿ ಕೀ ಸೊಂಟಕ್ಕೆ ಸಿಕ್ಕಿಸ್ಕೊಂಡ್ರು. ಮಣೆನ ನನ್ನ ಕೈಗೆ ಕೊಟ್ಟು, "ಇದನ್ನ ಬೀದಿ ಮಧ್ಯ ಇಡು, ನಾನಿನ್ನೂ ಒಳಗೇ ಇವ್ನಿ ಅನ್ಕತಾರೆ" ಅಂದು ಹೊರಟೇ ಹೋದ್ರು.

ನಾನು ಮುಂದುಗಡೆ ಬಂದು, ಮಣೆ ಇಟ್ಟು, ಮೆಟ್ಟಿಲ ಮೇಲೆ ಪುಸ್ತಕ ಬಿಚ್ಕೊಂಡು ಕೂತೆ. ಎರಡು ಗಾಡೀನೂ ಒಟ್ಟಿಗೇ ಬಂದ್ವು, ಎರಡಕ್ಕೂ ಹೂವಿನ ಹಾರ. ಒಂದು ಮಣೆಗೆ ಆ ಕಡೆ ನಿಂತ್ಕೊಳ್ತು, ಇನ್ನೊಂದು ಈ ಕಡೆ.

"ಅಜ್ಜಿ ರೆಡಿನಾ?" ಅಂದ್ರು ಅಪ್ಪ.

"ಬೆಳಿಗ್ಗೆನೇ ರೆಡಿ" ಅಂದೆ. ಸುಳ್ಳೇನಲ್ಲ.

ಚಿಕ್ಕಪ್ಪ ಬಂದವರೇ ಕಾಲಲ್ಲಿ ಮಣೆನ ಸ್ವಲ್ಪ ಅವರ ಗಾಡಿ ಕಡೆ ಸರಿಸಿದ್ರು. ಅಪ್ಪ ಚಪ್ಪಲಿ ಸರಿಮಾಡ್ಕೊಳ್ಳೋ ಥರ ಬಗ್ಗಿ ಈ ಕಡೆ ಎಳ್ಕೊಂಡ್ರು. "ನಿಮ್ಮ ಗಾಡಿಗೆ ಮಣೆ ಬೇಡ್ವಲ್ಲ ಅಣ್ಣ, ಅದು ಹೆಂಗೂ ನೆಲಕ್ಕೇ ಇದೆ" ಅಂದ್ರು ಚಿಕ್ಕಪ್ಪ. "ಇದು ನಾನು ಮದುವೇಲಿ ಕೂತಿದ್ದ ಮಣೆ ಕಣಪ್ಪ" ಅಂದ್ರು ಅಪ್ಪ. ಅಮ್ಮನೂ ಚಿಕ್ಕಮ್ಮನೂ ಒಬ್ಬರ ಗಾಡಿ ಹಾರ ಇನ್ನೊಬ್ಬರು ನೋಡ್ಕೊಂಡು ನಿಂತಿದ್ರು, ಯಾರದ್ರಲ್ಲಿ ಮಲ್ಲಿಗೆ ಜಾಸ್ತಿ ಅಂತ.

ಅಪ್ಪ ಬೆರಳ ಗೆಣ್ಣಲ್ಲಿ ಮೆತ್ತಗೆ ಬಾಗಿಲು ತಟ್ಟಿದ್ರು. "ಅತ್ತೆ."

"ನೀವು ಸರೀರಿ ಅಣ್ಣ, ಸ್ವಲ್ಪ ಪವರ್ ಬೇಕು" ಅಂತ ಚಿಕ್ಕಪ್ಪ ಅಂಗೈಲಿ ದಬದಬ ಬಡಿದ್ರು. ಮೇಲಿದ್ದ ತೋರಣ ಕಿತ್ಕೊಂಡು ಅಪ್ಪನ ತಲೆ ಮೇಲೆ ಬಿತ್ತು. "ಅತ್ತೆ, ನಾನು ಬಂದಿದೀನಿ."

"ನಾನು ಅಂದ್ರೆ ಯಾರು ಅಂತ ಗೊತ್ತಾಗ್ಬೇಕಲ್ಲ" ಅಂದ್ರು ಅಪ್ಪ, ಮಾವಿನೆಲೆ ತೆಗೀತಾ. "ಅತ್ತೆ, ನಾನು, ದೊಡ್ಡಳಿಯ. ನನ್ನ ದನಿ ಕೇಳಿದ್ರೆ ತೆಗೀತಾರೆ ನೋಡು."

"ನೋಡೋಣ, ಯಾರ ದನಿಗೆ ತೆಗೀತಾರೆ ಅಂತ. ಅತ್ತೆ..."

"ಅತ್ತೆ..."

ನಾನು ಪುಸ್ತಕದ ಪುಟ ತಿರುಗಿಸಿದೆ. ಬೀದಿ ಕೊನೇಲಿ ಕೆಂಪು ಬಸ್ಸೊಂದು ಹಾದುಹೋಯ್ತು. ಇಬ್ರೂ ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ರು. ಒಳಗಿಂದ ಯಾರೂ ಓಗೊಡ್ಲಿಲ್ಲ.