ಗಂಟು ಹಿಂದೆ, ರೋಗ ಮುಂದೆ

ಮೂಳೆ ಡಾಕ್ಟರಾದವನಿಗೆ ರೋಗಕ್ಕಿಂತ ರೋಗಿಯೊಡನೆಯೇ ಹೆಚ್ಚು ಗುದ್ದಾಟ ಎಂಬುದನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ನಾನು ಸೋಮವಾರ ಬಂಟ್ವಾಳ, ಬುಧವಾರ ಬೆಳ್ತಂಗಡಿ, ಶುಕ್ರವಾರ ಮೂಡುಬಿದಿರೆ ಎಂದು ಸರ್ವಿಸ್ ಬಸ್ಸಿನ ಹಾಗೆ ಟ್ರಿಪ್ ಹೊಡೆಯುವವನು. ಮೂರು ಊರಿನಲ್ಲೂ ಇಂಥದ್ದು ವಾರಕ್ಕೊಂದಾದರೂ ಆಗಿಯೇ ಆಗುತ್ತದೆ. ಅದರಲ್ಲೂ ಮೊಣಕಾಲಿನ ಹಿಂದೆ, ಮಡಚುವ ಜಾಗದಲ್ಲಿ, ನಿಂಬೆಹಣ್ಣಿನ ಗಾತ್ರಕ್ಕೆ ಏಳುವ ನೀರಿನ ಗಂಟು ಉಂಟಲ್ಲ, ನಾವು ಸಿಸ್ಟ್ ಎನ್ನುವುದು, ಅದು ಹುಟ್ಟಿದ್ದೇ ನನ್ನ ತಾಳ್ಮೆ ಪರೀಕ್ಷಿಸಲಿಕ್ಕೆ. ಹೆಚ್ಚಿನವರಿಗೆ ಅದೇನೂ ಅಪಾಯದ್ದಲ್ಲ. ಮೊಣಕಾಲಿನ ಒಳಗೆ ಸವೆತವೋ ಹಳೆಯ ಪೆಟ್ಟೋ ಇದ್ದರೆ ಅಲ್ಲಿ ನೀರು ಹೆಚ್ಚಾಗಿ ಹಿಂದಕ್ಕೆ ಉಬ್ಬುತ್ತದೆ. ಒಳಗಿನದ್ದಕ್ಕೆ ಮದ್ದು ಮಾಡಿದರೆ ಗಂಟು ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ. ಇಷ್ಟನ್ನು ಒಬ್ಬರ ತಲೆಗೆ ಹಾಕುವಷ್ಟರಲ್ಲಿ ನನ್ನ ಬಿ.ಪಿ. ಏರಿರುತ್ತದೆ.

ಇದು ಸಾಲದೆಂದು, ಸಿದ್ಧಕಟ್ಟೆಯಲ್ಲಿರುವ ನನ್ನ ಅತ್ತೆಗೆ, ಅಂದರೆ ಹೆಂಡತಿಯ ತಾಯಿಗೇ, ಈ ಗಂಟು ಬಂತು. ನನ್ನ ಮದ್ದು ಅವರಿಗೆ ಬೇಡ. "ಅಳಿಯನಿಗೆ ಓದು ಉಂಟು, ಕೈಗುಣ ಇಲ್ಲ" ಎಂದು ಮದುವೆಯಾದ ವರ್ಷವೇ ತೀರ್ಪು ಕೊಟ್ಟವರು ಅವರು. ಬೇಡದಿದ್ದರೆ ಸುಮ್ಮನೆ ಮನೆಯಲ್ಲಿ ಕೂರಬಹುದಿತ್ತು. ಮೂರು ತಾಲೂಕಿನ ಒಂದು ಮದುವೆಯನ್ನೂ ಬಿಡದೆ ಕುಂಟಿಕೊಂಡು ಹೋದರು. ಕೇಳಿದವರಿಗೆಲ್ಲ "ನನ್ನ ಅಳಿಯನೇ ಮೂಳೆ ಡಾಕ್ಟ್ರು" ಎಂದು ಹೇಳಿಕೊಂಡು ಬಂದರು. ಅವರ ಕುಂಟು ನಿಲ್ಲದಿದ್ದರೆ ನನ್ನ ಮೂರೂ ಕ್ಲಿನಿಕ್ಕಿಗೆ ಬೀಗ ಹಾಕುವುದೊಂದೇ ಬಾಕಿ.

೧. ಕೆರೆ ಮತ್ತು ತೋಡು

ಬಂಟ್ವಾಳಕ್ಕೆ ಬರುವ ಒಬ್ಬರು ನಿವೃತ್ತ ಮೇಷ್ಟ್ರು. ಬಂದವರೇ ನನಗೆ ಬೆನ್ನು ಹಾಕಿ ನಿಂತು, ಪಂಚೆ ಎತ್ತಿ, ಗಂಟು ತೋರಿಸಿದರು. ನಾನು ಅವರನ್ನು ತಿರುಗಿಸಿ ಮೊಣಕಾಲಿನ ಚಿಪ್ಪು ಒತ್ತಿ ನೋಡಿದೆ. ಅವರು ಪುನಃ ಬೆನ್ನು ಹಾಕಿದರು.

"ಡಾಕ್ಟ್ರೇ, ಗಂಟು ಹಿಂದೆ ಇರುವುದು. ನೀವು ಮುಂದೆ ಎಂತ ಹುಡುಕ್ತೀರಿ?"

ನಾನು ಉಸಿರು ಬಿಗಿಹಿಡಿದು ವಿವರಿಸಿದೆ. "ಮೇಷ್ಟ್ರೇ, ಕೆರೆ ತುಂಬಿದರೆ ನೀರು ಉಕ್ಕಿ ಪಕ್ಕದ ತೋಡಿಗೆ ಹರಿದು ಬರ್ತದೆ. ತೋಡು ಖಾಲಿ ಮಾಡಿದರೆ ನಾಳೆ ಪುನಃ ತುಂಬ್ತದೆ. ಕೆರೆ ಯಾಕೆ ತುಂಬಿತು ಅಂತ ನೋಡ್ಬೇಕಲ್ಲ? ನಿಮ್ಮ ಕೆರೆ ಇರುವುದು ಮುಂದೆ."

ಮೇಷ್ಟ್ರು ಕಣ್ಣು ಮುಚ್ಚಿ ಕೇಳಿದರು. ಮುಖದಲ್ಲಿ ಬೆಳಕು ಮೂಡಿತು. ಕೊನೆಗೊಬ್ಬರಿಗೆ ಅರ್ಥವಾಯಿತಲ್ಲ ಎಂದು ನನಗೆ ನಿಜಕ್ಕೂ ಸಂತೋಷವಾಯಿತು.

"ಈಗ ಗೊತ್ತಾಯ್ತು" ಎಂದರು ಮೇಷ್ಟ್ರು. "ಇವತ್ತಿನಿಂದ ನೀರು ಕುಡಿಯುವುದು ಕಡಿಮೆ ಮಾಡ್ತೇನೆ."

೨. ಒಂದೂವರೆ ಲೀಟರ್

ಬೆಳ್ತಂಗಡಿಯಲ್ಲಿ ಹೋಟೆಲು ಇಟ್ಟಿರುವ ಒಬ್ಬರಿಗೆ ಇದೇ ಗಂಟು. ರಕ್ತನಾಳದ ತೊಂದರೆ ಏನಾದರೂ ಇದ್ದರೆ ತಿಳಿಯಲಿ ಎಂದು ಸ್ಕ್ಯಾನಿಂಗಿಗೆ ಬರೆದುಕೊಟ್ಟೆ. ಮಧ್ಯಾಹ್ನ ರಿಪೋರ್ಟು ಹಿಡಿದುಕೊಂಡು ಬಂದರು. ಮುಖ ಕೆಂಡ.

"ಎಂತ ಡಾಕ್ಟ್ರೇ ನಿಮ್ಮ ಸ್ಕ್ಯಾನಿಂಗ್? ಎರಡು ಗಂಟೆ ಮೂತ್ರ ಹಿಡಿದುಕೊಂಡು ಕೂತಿದ್ದೇನೆ."

"ಮೊಣಕಾಲಿನ ಸ್ಕ್ಯಾನಿಂಗಿಗೆ ನೀರು ಕುಡಿಯುವುದು ಬೇಡ ಮಾರಾಯ್ರೆ. ಯಾರು ಹೇಳಿದ್ದು?"

"ಹೇಳುವುದೆಂತ? ಸಾಲಿನಲ್ಲಿ ನನ್ನ ಹಿಂದೆ ಮುಂದೆ ಇದ್ದವರೆಲ್ಲ ಬಸುರಿಯರು. ಎಲ್ಲರೂ ಬಾಟ್ಲಿಗಟ್ಟಲೆ ಕುಡೀತಾ ಇದ್ದರು. ನಾನೊಬ್ಬ ಕುಡಿಯದೆ ಕೂತರೆ ಹೇಗೆ? ಒಂದೂವರೆ ಲೀಟರ್ ಕುಡಿದೆ."

ರಿಪೋರ್ಟಿನಲ್ಲಿ ರಕ್ತನಾಳದ ತೊಂದರೆ ಇರಲಿಲ್ಲ. "ಗಾಬರಿ ಬೇಡ, ಮೊಣಕಾಲಿನಲ್ಲಿ ನೀರು ತುಂಬಿದೆ, ಅಷ್ಟೆ" ಎಂದೆ.

ಅವರು ರಿಪೋರ್ಟನ್ನು ನನ್ನ ಕೈಯಿಂದ ಎಳೆದುಕೊಂಡರು. "ತುಂಬದೆ ಇರ್ತದಾ? ಒಂದೂವರೆ ಲೀಟರ್ ಅಂತ ಈಗ ಹೇಳಿದೆನಲ್ಲ." ಬಾಗಿಲಿನ ತನಕ ಹೋದವರು ತಿರುಗಿ ನಿಂತು ಕೇಳಿದರು. "ಹೌದಾ, ನಿಮ್ಮ ಅತ್ತೆಯನ್ನು ಮೊನ್ನೆ ಮದುವೆಯಲ್ಲಿ ಕಂಡೆ. ಅವರ ಕಾಲು ಯಾರು ನೋಡುವುದು?"

೩. ತಪ್ಪದ ವ್ಯಾಯಾಮ

ಮೂಡುಬಿದಿರೆಗೆ ತೋಡಾರಿನಿಂದ ಬರುವ ಅಂಗಡಿಯವರೊಬ್ಬರಿಗೆ ವ್ಯಾಯಾಮ ಹೇಳಿಕೊಟ್ಟಿದ್ದೆ. ಕಾಲು ಚಾಚಿ ಕೂತು, ಮೊಣಕಾಲಿನ ಅಡಿಗೆ ಸುತ್ತಿದ ಬೈರಾಸು, ಅಂದರೆ ಟವೆಲು, ಇಟ್ಟು, ಅದನ್ನು ಒತ್ತಿ ಹಿಡಿದು ಹತ್ತರ ತನಕ ಎಣಿಸುವುದು. ದಿನಕ್ಕೆ ಇಪ್ಪತ್ತು ಸಲ. ತಿಂಗಳು ಬಿಟ್ಟು ಬಂದರು. ಗಂಟು ಇದ್ದ ಹಾಗೇ ಉಂಟು, ತೊಡೆಯಲ್ಲಿ ಬಲವೇ ಇಲ್ಲ.

"ವ್ಯಾಯಾಮ ಬಿಟ್ಟಿರಾ?"

"ಎಲ್ಲಿ ಬಿಡುವುದು? ಮಗ ಬಿಡಬೇಕಲ್ಲ. ದುಬಾಯಿಯಿಂದ ದಿನಾ ಬೆಳಿಗ್ಗೆ ವಿಡಿಯೋ ಕಾಲ್ ಮಾಡ್ತಾನೆ. ಬೈರಾಸು ಇಟ್ಟು ಇಪ್ಪತ್ತು ಸಲ. ಒಂದು ದಿನ ತಪ್ಪಿಲ್ಲ."

"ಹಾಗಾದರೆ ಒಮ್ಮೆ ಮಾಡಿ ತೋರಿಸಿ."

ಅವರು ಬೈರಾಸನ್ನು ತೋಳಿಗೆ ಸುತ್ತಿಕೊಂಡರು. ನನಗೆ ಸಂಶಯ ಬಂತು. "ದಿನಾ ಮಾಡುವುದು ಯಾರು?"

"ಮಗ. ಅವನು ಮಾಡಿ ತೋರಿಸ್ತಾನೆ, ನಾನು ಚಾ ಕುಡಿದುಕೊಂಡು ಎಣಿಸ್ತೇನೆ. ಅವನಿಗೆ ಮೊದಲು ಮೊಣಕಾಲು ನೋವಿತ್ತು ಡಾಕ್ಟ್ರೇ, ಈಗ ಪೂರಾ ಹೋಗಿದೆ. ನಿಮ್ಮ ವ್ಯಾಯಾಮ ಒಳ್ಳೆಯದುಂಟು."

೪. ಕನ್ಯಾನದ ಎಣ್ಣೆ

ಈ ನಡುವೆ ಅತ್ತೆ ನನಗೆ ಹೇಳದೆ ಕನ್ಯಾನದಲ್ಲಿ ಎಣ್ಣೆ ತಿಕ್ಕುವವರೊಬ್ಬರ ಹತ್ತಿರ ಹೋಗಿ ಗಂಟನ್ನು ಚೆನ್ನಾಗಿ ತಿಕ್ಕಿಸಿಕೊಂಡು ಬಂದರು. ಮರುದಿನ ಮೀನಖಂಡ ಕೆಂಪಾಗಿ ಬಾತುಕೊಂಡಿತು. ಹೆಂಡತಿ ಫೋನು ಮಾಡಿದಾಗ ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಹೆದರಿಕೆ. ಗಂಟು ಒಡೆದರೂ ಕಾಲು ಹಾಗೇ ಆಗುತ್ತದೆ, ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೂ ಹಾಗೇ. ಎರಡನೆಯದಾದರೆ ಜೀವಕ್ಕೇ ಅಪಾಯ. ಬರೀ ಕಣ್ಣಿನಲ್ಲಿ ನೋಡಿ ಹೇಳಲಿಕ್ಕೆ ಬರುವುದಿಲ್ಲ, ಸ್ಕ್ಯಾನಿಂಗ್ ಆಗಬೇಕು.

ಸ್ಕ್ಯಾನಿಂಗ್ ಕೋಣೆಯಲ್ಲಿ ಅವರ ಪಾದ ಹಿಡಿದುಕೊಂಡು ನಿಂತೆ. ಸಾವಿರಾರು ಕಾಲು ಹಿಡಿದ ಕೈ ಅದು. ಅತ್ತೆ ಮಲಗಿದಲ್ಲಿಂದಲೇ ಕೇಳಿದರು. "ನಿಮ್ಮ ಕೈ ಎಂತಕ್ಕೆ ನಡುಗ್ತಾ ಉಂಟು?"

"ಏಸಿ ಜಾಸ್ತಿ ಉಂಟು" ಎಂದೆ.

ಪುಣ್ಯಕ್ಕೆ ಒಡೆದದ್ದು ಗಂಟು ಮಾತ್ರ. ಅಂದಿನಿಂದ ಅತ್ತೆ ಬದಲಾದರು. ಹೇಳಿದ ಮಾತ್ರೆ ನುಂಗಿದರು, ನೆಲದಲ್ಲಿ ಕೂರುವುದು ಬಿಟ್ಟರು, ಬೈರಾಸನ್ನು ಸ್ವಂತ ಕಾಲಿನಿಂದಲೇ ಒತ್ತಿದರು. ಎರಡು ತಿಂಗಳಲ್ಲಿ ಬಾತುಕೊಂಡದ್ದು ಇಳಿಯಿತು, ಕುಂಟು ನಿಂತಿತು. ಎಣ್ಣೆ ತಿಕ್ಕಿದವರು ಮಾತ್ರ "ನಾನು ಗಂಟು ಕರಗಿಸಿದೆ" ಎಂದು ಹೇಳುತ್ತಾ ಇದ್ದಾರಂತೆ. ಕನ್ಯಾನದ ಕಡೆಯಿಂದ ನನಗೆ ರೋಗಿಗಳು ಬರುವುದು ಪೂರ್ತಿ ನಿಂತಿದೆ.

೫. ಮಣ್ಣಿನ ಹರಕೆ

ಕಾಲು ಸರಿಯಾದ ಮೇಲೆ ಅತ್ತೆ ಹೇಳಿದರು. "ಈ ಆದಿತ್ಯವಾರ ಕಾರು ತನ್ನಿ. ಹರಕೆ ಒಂದು ಬಾಕಿ ಉಂಟು."

ಬೆಳ್ತಂಗಡಿ ಕಡೆ ಮಣ್ಣಿನ ಹರಕೆ ಒಪ್ಪಿಸುವ ದೇವಸ್ಥಾನ ಒಂದುಂಟು. ಮನೆ ಬೇಕಾದವರು ಮಣ್ಣಿನ ಮನೆ ಕೊಡುತ್ತಾರೆ, ಮಗು ಬೇಕಾದವರು ಮಣ್ಣಿನ ಮಗು, ಕಾಲು ನೋವಿನವರು ಮಣ್ಣಿನ ಕಾಲು. ನನಗೆ ಮೈಯೆಲ್ಲ ಉರಿಯಿತು. ಎರಡು ತಿಂಗಳು ಬೆವರು ಸುರಿಸಿದ್ದು ನಾನು, ಹೆಸರು ಬರುವುದು ಮಣ್ಣಿನ ಕಾಲಿಗೆ. ಆದರೂ ಕಾರು ತೆಗೆದೆ. ಅಳಿಯನಾದವನಿಗೆ ಬೇರೆ ದಾರಿ ಉಂಟಾ?

ಸಾಲಿನಲ್ಲಿ ನಮ್ಮ ಹಿಂದೆಯೇ ಬಂಟ್ವಾಳದ ಮೇಷ್ಟ್ರು, ಕೈಯಲ್ಲಿ ಮಣ್ಣಿನ ಕಾಲು. ನನ್ನನ್ನು ಕಂಡು ಅವರೇನೂ ನಾಚಲಿಲ್ಲ. "ಹಿಂದೆ ಗಂಟು ಇಡಿಸಿದ್ದೇನೆ ಡಾಕ್ಟ್ರೇ. ನೀವು ಅಷ್ಟು ಹೇಳಿದ್ದಕ್ಕೆ ಮುಂದೆಯೂ ಒಂದು ಗೆರೆ ಎಳೆಸಿದ್ದೇನೆ" ಎಂದು ತಿರುಗಿಸಿ ತೋರಿಸಿದರು.

ನಮ್ಮ ಸರದಿ ಬಂತು. ಅತ್ತೆ ಚೀಲದಿಂದ ಹರಕೆ ತೆಗೆದರು. ಕಾಲಲ್ಲ, ಮಣ್ಣಿನ ಕೈ. ಐದು ಬೆರಳಿನ ಬಲಗೈ.

"ಇದೆಂತ? ನೋವಿದ್ದದ್ದು ಕಾಲಲ್ವಾ?" ಎಂದೆ.

"ಕಾಲಿಗೆ ನಿಮ್ಮ ಮದ್ದು ಇತ್ತಲ್ಲ, ಅದಕ್ಕೆ ಹರಕೆ ಯಾಕೆ? ಆ ದಿನ ಸ್ಕ್ಯಾನಿಂಗ್ ಕೋಣೆಯಲ್ಲಿ ನಿಮ್ಮ ಕೈ ನಡುಗಿದ್ದು ನೋಡಿ ನನಗೆ ಪಾಪ ಕಂಡಿತು. ಅಳಿಯನಿಗೆ ಒಂದಿಷ್ಟು ಕೈಗುಣ ಕೊಡು ದೇವರೇ, ಮಣ್ಣಿನ ಕೈ ಒಪ್ಪಿಸ್ತೇನೆ ಅಂತ ಅಲ್ಲೇ ಹೇಳಿಕೊಂಡೆ. ನೋಡಿ, ಕೊಟ್ಟ."

ನನಗೆ ಸಿಟ್ಟು ಮಾಡಬೇಕೋ ಕಾಲಿಗೆ ಬೀಳಬೇಕೋ ಗೊತ್ತಾಗಲಿಲ್ಲ. ಭಟ್ಟರು ಯಾರ ಹೆಸರಿನಲ್ಲಿ ಎಂದು ಕೇಳಿದರು. ಅತ್ತೆ ನನ್ನ ಹೆಸರು, ನಕ್ಷತ್ರ, ಡಿಗ್ರಿ ಎಲ್ಲವನ್ನೂ ಸಾಲಿನ ಕೊನೆಯವರಿಗೂ ಕೇಳುವ ಹಾಗೆ ಹೇಳಿ, "ಮೊದಲು ಕೈಗುಣ ಇರಲಿಲ್ಲ, ಈಗ ಬಂದಿದೆ" ಎಂದು ಸೇರಿಸಿದರು.

ಹಿಂದಿನಿಂದ ಮೇಷ್ಟ್ರು ನನ್ನ ಹೆಗಲು ತಟ್ಟಿದರು.

"ಹಾಗಾದರೆ ಡಾಕ್ಟ್ರೇ, ನಾಳೆ ಸೋಮವಾರ ನನ್ನ ಕಾಲು ಇನ್ನೊಮ್ಮೆ ನೋಡ್ತೀರಾ? ಆವತ್ತು ನೀವು ನೋಡಿದ್ದು ಕೈಗುಣ ಬರುವ ಮೊದಲಲ್ವಾ, ಅದನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ."