ಹವಾಮಾನನ ಬಲಮಂಡಿ

ತಪ್ಪು ಮಂಡಿಯದಲ್ಲ, ಬಾಯಿಯದು. ಪಾಪ, ಮಂಡಿ ಆವತ್ತು ಏನೂ ಹೇಳಿರಲಿಲ್ಲ.

ರಟ್ಟಿನ ಡಬ್ಬಿ ಮಾಡುವ ಆ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ‘ಹವಾಮಾನ’ ಎಂದೇ ಕರೆಯುತ್ತಿದ್ದರು. ರಟ್ಟಿಗೆ ಮಡಿಕೆಯ ಗೆರೆ ಒತ್ತುವ ಯಂತ್ರದ ಮುಂದೆ ನಿಂತು ಬಲಗಾಲಿನಲ್ಲಿ ಪೆಡಲು ತುಳಿಯುವುದು ಅವನ ಕೆಲಸ. ಬೆಳಗಿನ ಸೈರನ್ನಿನಿಂದ ಸಂಜೆಯ ಸೈರನ್ನಿನವರೆಗೆ ತುಳಿ, ಬಿಡು, ತುಳಿ, ಬಿಡು. ವರ್ಷಗಟ್ಟಲೆ ತುಳಿದು ತುಳಿದು ಬಲಮಂಡಿ ಎಣ್ಣೆ ಕಾಣದ ಬಾಗಿಲಿನ ತಿರುಗಣಿಯ ಹಾಗಾಗಿತ್ತು. ಮಳೆ ಬರುವ ಮುಂಚೆ ಅದರೊಳಗೆ ಯಾರೋ ಕೂತು ತಿರುಪು ಬಿಗಿಯುತ್ತಿದ್ದಾರೇನೋ ಎನ್ನುವಂಥ ನೋವು ಏಳುತ್ತಿತ್ತು. ಬೆಳಿಗ್ಗೆ ನೋವೆದ್ದರೆ ಸಂಜೆಯೊಳಗೆ ಮಳೆ ಗ್ಯಾರಂಟಿ.

ಈ ಮಂಡಿಯ ವಿಷಯದಲ್ಲಿ ಕಾರ್ಖಾನೆಗೆ ಎರಡು ನಾಲಿಗೆ ಇದ್ದವು. ಅವನು ನೋವು ಎಂದು ಹೇಳಿ ಕೂತು ಮಾಡುವ ಕೆಲಸ ಕೇಳಿದಾಗ ಕಾರ್ಖಾನೆಯ ಡಾಕ್ಟರು ಬೆರಳಿನಿಂದ ಕಲ್ಲಂಗಡಿ ತಟ್ಟಿದ ಹಾಗೆ ತಟ್ಟಿ, “ಏನೂ ಆಗಿಲ್ಲ, ನೋವು ನಿನ್ನ ಮನಸ್ಸಲ್ಲಿದೆ” ಎಂದಿದ್ದರು. ಮ್ಯಾನೇಜರು ಹೌದೌದೆಂದು ತಲೆಯಾಡಿಸಿದ್ದರು. ಅದೇ ಮ್ಯಾನೇಜರು ಲಾರಿಗೆ ಮಾಲು ಹೇರುವ ದಿನ ಬೆಳಿಗ್ಗೆ ಬೆಳಿಗ್ಗೆ ಯಂತ್ರದ ಹತ್ತಿರ ಬಂದು ದನಿ ತಗ್ಗಿಸಿ ಕೇಳುತ್ತಿದ್ದರು: “ಏನಂತಿದೆಯಪ್ಪಾ ಮಂಡಿ? ಟಾರ್ಪಾಲು ಹಾಕಿಸ್ಲಾ?”

ಲೇಬಲ್ ಅಂಟಿಸುವ ಮೇಜಿನ ಅಜ್ಜಿ ಕೆಲಸ ಬಿಡುವವರಿದ್ದರು. ಆ ಮೇಜಿಗೊಂದು ಸ್ಟೂಲಿತ್ತು. ಬೆನ್ನಿಗೆ ಆನಿಕೆಯಿಲ್ಲ, ಒಂದು ಕಾಲು ಗಿಡ್ಡ, ಕೂತರೆ ತೂಗುತ್ತದೆ. ಆದರೂ ಹವಾಮಾನನ ಕನಸಿಗೆ ಬರುತ್ತಿದ್ದುದು ಅದೇ. ಬೇರೆಯವರು ಕನಸಿನಲ್ಲಿ ಬಂಗಲೆ ಕಂಡರೆ ಇವನು ಸ್ಟೂಲು ಕಾಣುತ್ತಿದ್ದ.

ಹೀಗಿರುವಾಗ ಯಜಮಾನರಿಗೆ ಕೆಲಸಗಾರರನ್ನೆಲ್ಲ ಒಂದು ದಿನ ಕೆರೆಯ ದಂಡೆಗೆ ಕರೆದೊಯ್ದು ವಿಶ್ರಾಂತಿ ಕೊಡಿಸುವ ಮನಸ್ಸಾಯಿತು. (ಆ ದಿನದ ಕೆಲಸವನ್ನು ಭಾನುವಾರ ಮಾಡಿಕೊಡಬೇಕು, ಅದು ಬೇರೆ ಮಾತು.) ಬಿಸಿಲು ಮಳೆ ಎರಡೂ ಹೇಳದೆ ಕೇಳದೆ ಬರುವ ಕಾಲ. ಮ್ಯಾನೇಜರು ನೇರ ಮಂಡಿಯ ಬಳಿಗೇ ಬಂದರು.

“ಮುಂದಿನ ಬುಧವಾರ ಮಳೆ ಇದ್ಯಾ?”

ಮುಂದಿನ ವಾರದ ಸುದ್ದಿ ಮಂಡಿಗೆ ತಿಳಿಯದು ಸಾರ್ ಎನ್ನಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಮ್ಯಾನೇಜರು, “ಆ ದಿನ ಒಂದು ಸುಸೂತ್ರವಾಗಿ ಕಳೀಲಿ, ಅಜ್ಜಿಯ ಸ್ಟೂಲಿನ ವಿಷಯ ಯಜಮಾನ್ರ ಕಿವಿಗೆ ಹಾಕ್ತೀನಿ” ಎಂದರು.

ತೆರೆದ ಬಾಯಿ ಹೇಳಿಬಿಟ್ಟಿತು: “ಒಂದು ಹನಿ ಬಿದ್ರೆ ಕೇಳಿ ಸಾರ್.”

ಬುಧವಾರ ಬೆಳಿಗ್ಗೆ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಹಾಸಿಗೆಯಲ್ಲೇ ಅವನು ಮಂಡಿಯನ್ನು ಮಡಿಸಿ, ಬಿಡಿಸಿ, ಒತ್ತಿ ನೋಡಿದ. ಸದ್ದಿಲ್ಲ.

“ಏನ್ರೀ ಅದು, ಮಗು ನಿದ್ದೆ ಮಾಡ್ತಿದ್ಯಾ ಅಂತ ನೋಡೋ ಹಾಗೆ ನೋಡ್ತಿದೀರಾ?” ಎಂದಳು ಹೆಂಡತಿ.

“ಶ್! ಎಬ್ಬಿಸ್ಬೇಡ.”

“ಒಂದು ಮಾತು ಹೇಳ್ತೀನಿ. ಅಲ್ಲಿ ಹೋಗಿ ಓಟ ಗೀಟ ಅಂತ ಓಡಬೇಡಿ. ಕಾಲು ನೀಡ್ಕೊಂಡು ಮರದ ಕೆಳಗೆ ಸುಮ್ನೆ ಕೂತಿರಿ. ಸುಮ್ನೆ ಕೂರೋದು ನಿಮಗೆ ಬರತ್ತಾ?”

“ಅದನ್ನೇ ಅಲ್ವಾ ಕೇಳ್ತಿರೋದು ಇಷ್ಟು ವರ್ಷದಿಂದ” ಎಂದು ಬುತ್ತಿ ಕಟ್ಟಿಕೊಂಡು ಹೊರಟ.

ಕಾರ್ಖಾನೆಯ ಲಾರಿಯಲ್ಲೇ ಎಲ್ಲರನ್ನೂ ಮಾಲಿನ ಹಾಗೆ ತುಂಬಿ ಕೆರೆಯ ದಂಡೆಗೆ ಇಳಿಸಿದರು. ತಣ್ಣನೆ ಗಾಳಿ, ಉದ್ದಕ್ಕೆ ಮರಗಳ ನೆರಳು, ನೀರಿನ ಮೇಲೆ ಕೊಕ್ಕರೆ. ಕೊಕ್ಕರೆ ಒಂಟಿಕಾಲಲ್ಲಿ ನಿಂತಿತ್ತು. ‘ಅದಕ್ಕೂ ಸ್ಟೂಲು ಕೊಟ್ಟಿಲ್ಲ’ ಅನ್ನಿಸಿತು ಹವಾಮಾನನಿಗೆ.

ಮ್ಯಾನೇಜರ ಕೊರಳಲ್ಲಿ ಸೀಟಿ, ಕೈಯಲ್ಲಿ ಮೈಕು.

“ಎಲ್ರೂ ನಿಮ್ಮಿಷ್ಟ ಬಂದ ಕಡೆ ಆರಾಮಾಗಿ ಕೂತ್ಕೊಳ್ಳಿ! ಅಲ್ಲಲ್ಲ, ಅಲ್ಲಲ್ಲಪ್ಪ! ಸೆಕ್ಷನ್ ಪ್ರಕಾರ! ಗೋಂದಿನವರು ಈ ಕಡೆ, ಕಟಿಂಗ್‌ನವರು ಆ ಕಡೆ. ಯಜಮಾನ್ರು ಬಂದಾಗ ಎಲ್ರ ಮುಖದಲ್ಲೂ ವಿಶ್ರಾಂತಿ ಕಾಣಬೇಕು!”

ಸೀಟಿ ಊದಿದರೆ ಪ್ರಕೃತಿ ನೋಡಬೇಕು, ಮತ್ತೆ ಊದಿದರೆ ನಗಬೇಕು. ಆದರೆ ಪ್ರಕೃತಿಯನ್ನು ಯಾರೂ ನೋಡಲಿಲ್ಲ. ಎಲ್ಲರೂ ನೋಡುತ್ತಿದ್ದುದು ಹವಾಮಾನನ ಮಂಡಿಯನ್ನು. ಒಂದು ಇರುವೆ ಪ್ಯಾಂಟಿನೊಳಗೆ ಹತ್ತಿತೆಂದು ಅವನು ಮಂಡಿ ಕೆರೆದುಕೊಂಡದ್ದೇ ತಡ, ಗೋಂದಿನ ಸೆಕ್ಷನ್ನಿನ ಅರ್ಧ ಜನ ಚಾಪೆ ಸುತ್ತಿ ಲಾರಿಯ ಕಡೆ ಓಡಿದರು.

“ಇರುವೆ! ಇರುವೆ ಕಣ್ರೋ!” ಎಂದು ಅವನು ಕೂಗಿದ.

“ಇನ್ನೊಂದು ಸಲ ಆ ಮಂಡಿ ಮುಟ್ಟಿದ್ರೆ ಕೈ ಮುರಿತೀನಿ” ಎಂದಳು ಗೋಂದಿನಕ್ಕ, ಸುತ್ತಿದ್ದ ಚಾಪೆಯನ್ನು ಮತ್ತೆ ಹಾಸುತ್ತ. ಅಂಟು ಹಚ್ಚುವ ಹೆಂಗಸರಿಗೆಲ್ಲ ಅವಳೇ ಮುಂದಾಳು. ಕೈಬೆರಳುಗಳಲ್ಲಿ ಅಂಟು ಒಣಗಿ ಒಣಗಿ, ಚಪ್ಪಾಳೆ ತಟ್ಟಿದರೆ ಹಲಗೆ ಬಡಿದ ಸದ್ದು ಬರುತ್ತಿತ್ತು.

ಯಜಮಾನರು ಕಾರಿನಿಂದ ಇಳಿದರು. ಸೀಟಿ ಎರಡು ಸಲ ಕೇಳಿಸಿತು. ಎಲ್ಲರೂ ನಕ್ಕರು. ಸರಿಯಾಗಿ ಆ ಗಳಿಗೆಯಲ್ಲಿ ಹವಾಮಾನನ ಬಲಮಂಡಿಯೊಳಗೆ ಯಾರೋ ತಿರುಪನ್ನು ಒಂದು ಸುತ್ತು ಬಿಗಿದರು.

ಅವನ ನಗು ಹಾಗೇ ಹೆಪ್ಪುಗಟ್ಟಿತು. ಆಕಾಶ ನೋಡಿದ. ಒಂದು ಮೋಡವಿಲ್ಲ. ‘ಸುಮ್ನಿರೇ ತಾಯಿ, ಸಂಜೆಯವರೆಗೆ ಸುಮ್ನಿರು’ ಎಂದು ಮಂಡಿಗೆ ಮನಸ್ಸಿನಲ್ಲೇ ಕೈಮುಗಿದ. ಇನ್ನೊಂದು ಸುತ್ತು.

ಅಷ್ಟು ಹೊತ್ತಿಗೆ ಮ್ಯಾನೇಜರು ಯಜಮಾನರನ್ನು ಅವನ ಮುಂದೆಯೇ ತಂದು ನಿಲ್ಲಿಸಿದರು. “ಇವನೇ ಸಾರ್, ನಾನು ಹೇಳಿದ ಮಂಡಿ. ಇವನು ಮಳೆ ಇಲ್ಲ ಅಂದ ಧೈರ್ಯದ ಮೇಲೆ ಗೋದಾಮಿಗೆ ಇವತ್ತೇ ಸುಣ್ಣ ಹೊಡಿಸ್ತಿದೀನಿ. ಮಾಲೆಲ್ಲ ಅಂಗಳದಲ್ಲಿದೆ. ಟಾರ್ಪಾಲು ಕೂಡ ಹಾಕಿಲ್ಲ ನೋಡಿ!”

ಹವಾಮಾನನಿಗೆ ಕೆರೆಯೇ ಎದ್ದು ಮೇಲೆ ಬಂದಂತಾಯಿತು. ಲಾರಿಗಟ್ಟಲೆ ರಟ್ಟು! ಮಳೆಗೆ ಸಿಕ್ಕರೆ ಗಂಜಿ. ಈಗ ನೋವು ಅಂದರೆ ಸ್ಟೂಲು ಹೋಯಿತು. ಅನ್ನದೆ ಮಳೆ ಬಂದರೆ ಕೆಲಸವೇ ಹೋಯಿತು.

“ಏನಪ್ಪಾ, ಹೇಗಿದೆ ಮಂಡಿ?” ಎಂದರು ಯಜಮಾನರು.

“ಬೆಣ್ಣೆ ಹಾಗಿದೆ ಸಾರ್” ಎಂದ. ಬೆವರು ಕಿವಿಯ ಹಿಂದೆ ಇಳಿಯುತ್ತಿತ್ತು.

“ಹಾಗಾದ್ರೆ ಗೋಣಿಚೀಲದ ಓಟಕ್ಕೆ ಮೊದಲ ಹೆಸರು ಇವನದೇ ಬರ್ಕೊಳ್ಳಿ!”

ಚೀಲದೊಳಗೆ ಕಾಲಿಳಿಸುವಾಗ ಹೆಂಡತಿಯ ಮಾತು ನೆನಪಾಯಿತು. ಸೀಟಿ ಕೂಗಿತು. ಅವನು ಕುಪ್ಪಳಿಸಿದ. ಒಂದೊಂದು ಕುಪ್ಪಳಿಕೆಗೂ ಮಂಡಿಯಿಂದ ಹೊರಟ ಬೆಂಕಿ ನೆತ್ತಿಯವರೆಗೆ ಹೋಗಿ ತಿರುಗಿ ಬರುತ್ತಿತ್ತು. ಅಯ್ಯೋ ಎಂದು ಬಾಯಿಗೆ ಬಂದದ್ದನ್ನು ಅರ್ಧದಲ್ಲೇ ತಿರುಗಿಸಿ “ಅಯ್... ಯಾಹೂ!” ಎಂದು ಕಿರುಚಿದ. ಜನ ಚಪ್ಪಾಳೆ ತಟ್ಟಿದರು. “ಯಾಹೂ! ಯಾಹೂ!” ಎನ್ನುತ್ತ ಹೋದವನು ಎಲ್ಲರಿಗಿಂತ ಮುಂದಿದ್ದ, ಏಕೆಂದರೆ ನಿಂತರೆ ಇನ್ನೂ ನೋಯುತ್ತಿತ್ತು. ಗೆರೆ ದಾಟಿ, ಗೋಂದಿನಕ್ಕನ ಚಾಪೆಯ ಮೇಲೆ ಮೂಟೆಯ ಹಾಗೆ ಬಿದ್ದ.

ಅಕ್ಕ ಅವನ ಮುಖವನ್ನೇ ನೋಡಿದಳು. ಆಮೇಲೆ ಚೀಲದ ಮೇಲಿಂದಲೇ ಮಂಡಿಗೆ ಒಂದು ಬೆರಳು ಒತ್ತಿದಳು. ಅವನ ಕಣ್ಣಲ್ಲಿ ನೀರು ಬಂತು.

“ಎದ್ದಿದೆ ಅಲ್ವೇನೋ?”

“ಮೆಲ್ಲಗೆ ಅಕ್ಕಾ! ನಿನ್ನ ಕಾಲಿಗೆ ಬೀಳ್ತೀನಿ.”

“ಬೀಳೋಕೆ ಕಾಲೆಲ್ಲಿದೆ ನಿಂಗೆ! ಯಾವಾಗಿಂದ?”

“ಯಜಮಾನ್ರು ಬಂದಾಗಿಂದ. ಅಕ್ಕಾ, ಸ್ಟೂಲು ಕಣೇ. ಇದೊಂದು ದಿನ ಕಳೆದ್ರೆ ಸ್ಟೂಲು.”

“ಮಾಲು ಅಂಗಳದಲ್ಲಿದೆ ಅಂದ್ರಲ್ಲ. ನೆನೆದು ಮುದ್ದೆಯಾದ್ರೆ ಮತ್ತೆ ಡಬ್ಬಿ ಮಾಡೋರ್ಯಾರು? ಯಜಮಾನ್ರಾ? ಅವರ ಹೆಂಡ್ತಿನಾ? ನಾವೇ. ಒಂದು ಭಾನುವಾರ ಆಗ್ಲೇ ಹೋಯ್ತು. ಇನ್ನೆಷ್ಟು ಭಾನುವಾರ ಬೇಕು ನಿನ್ನ ಸ್ಟೂಲಿಗೆ?”

ಅಕ್ಕನ ಹಿಂದೆ ಹೆಂಗಸರು ಕಾಲು ನೀಡಿ ಕೂತಿದ್ದರು. ಒಬ್ಬಳು ಬಾಯಿ ತೆರೆದು ನಿದ್ದೆ ಹೋಗಿದ್ದಳು. ಸೀಟಿ ಇಲ್ಲದೆ, ಅಪ್ಪಣೆ ಇಲ್ಲದೆ, ತಾನಾಗಿ ಬಂದ ನಿದ್ದೆ. ಅದನ್ನು ನೋಡಿ ಹವಾಮಾನನಿಗೆ ಏನೋ ಆಯಿತು. ಚೀಲದಲ್ಲೇ ಎದ್ದು ನಿಂತ.

“ಸಾರ್! ಮಳೆ ಬರತ್ತೆ ಸಾರ್!”

ಎಲ್ಲರೂ ಮೇಲೆ ನೋಡಿದರು. ಬಿಸಿಲು ಕಣ್ಣು ಕುಕ್ಕುತ್ತಿತ್ತು.

“ಏನಯ್ಯಾ, ಬಿಸಿಲು ತಲೆಗೆ ಹತ್ತಿತಾ?” ಮ್ಯಾನೇಜರು ಮೈಕಿನಲ್ಲೇ ಸಿಡಿದರು. “ಮಂಡಿ ಬೆಣ್ಣೆ ಹಾಗಿದೆ ಅಂದ್ಯಲ್ಲ! ಓಟದಲ್ಲಿ ಉಳುಕಿಸ್ಕೊಂಡು ಈಗ ಮಳೆ ಅಂತಿದೀಯಾ?”

“ಉಳುಕಲ್ಲ ಸಾರ್. ಇದು ಮಳೆದೇ ನೋವು. ನಂಗೆ ಗೊತ್ತಾಗಲ್ವಾ?”

ಯಜಮಾನರು ಆಕಾಶವನ್ನೂ ಮಂಡಿಯನ್ನೂ ಮೂರು ನಾಲ್ಕು ಸಲ ಬದಲಾಯಿಸಿ ನೋಡಿದರು. ಮಾಲು ಅವರದು. “ಲಾರಿ ಹತ್ತಿ ಎಲ್ರೂ” ಎಂದರು.

ಊಟದ ಬುತ್ತಿ ಬಿಚ್ಚಿರಲಿಲ್ಲ. ದಾರಿಯುದ್ದಕ್ಕೂ, ಬ್ರೇಕು ಹಾಕಿದಾಗಲೆಲ್ಲ ನಾಲ್ಕಾರು ಮೊಣಕೈಗಳು ಬೇಕೆಂದೇ ಅವನ ಪಕ್ಕೆಗೆ ಬಂದು ತಾಗಿದವು.

ಕಾರ್ಖಾನೆಯ ಅಂಗಳದಲ್ಲಿ ರಟ್ಟಿನ ಕಟ್ಟುಗಳು ಗುಡ್ಡದ ಹಾಗೆ ಬಿದ್ದಿದ್ದವು. ಹೊರು, ಒಳಗಿಡು, ಹೊರು, ಒಳಗಿಡು. ಹಸಿ ಸುಣ್ಣ ಎಲ್ಲರ ಮೈಗೂ ಮೆತ್ತಿ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದವರೆಲ್ಲ ಭೂತಗಳ ಹಾಗಾದರು. ಹವಾಮಾನನೂ ಹೊತ್ತ. ಹೊರದಿದ್ದರೆ ಅವನನ್ನೇ ಎತ್ತಿ ಒಳಗೆ ಅಡುಕುವ ಹಾಗಿತ್ತು ಜನರ ಮುಖ. ಕೊನೆಯ ಕಟ್ಟು ಒಳಗೆ ಹೋಯಿತು. ಬಾಗಿಲು ಎಳೆದರು.

ಬಿಸಿಲು ಹಾಗೇ ಇತ್ತು. ಎಲ್ಲರೂ ಅವನ ಸುತ್ತ ನಿಂತರು.

“ಎಲ್ಲಯ್ಯಾ ಮಳೆ?” ಮ್ಯಾನೇಜರು ಇಷ್ಟಿಷ್ಟೇ ಹತ್ತಿರ ಬಂದರು. “ಯಜಮಾನ್ರ ದಿನ ಹಾಳು, ನನ್ನ ಮರ್ಯಾದೆ ಹಾಳು. ನಾಳೆಯಿಂದ ನೀನು ಈ ಗೇಟಿನ—”

ಅವರ ಮೂಗಿನ ತುದಿಗೆ ಒಂದು ಹನಿ ಬಿತ್ತು.

ಅವರು ಒರೆಸಿಕೊಂಡರು. ಇನ್ನೊಂದು ಬಿತ್ತು. ಗೋದಾಮಿನ ಹಿಂದಿನಿಂದ, ಇಷ್ಟು ಹೊತ್ತು ಅಡಗಿ ಕೂತಿದ್ದಂತೆ, ಕರ್ರಗಿನ ಮೋಡ ತಲೆಯೆತ್ತಿತು. ಆಮೇಲೆ ಬಂದದ್ದನ್ನು ಮಳೆ ಅನ್ನುವ ಹಾಗಿರಲಿಲ್ಲ; ಮೇಲೆ ಯಾರೋ ಕೊಡಗಟ್ಟಲೆ ಸುರಿಯುತ್ತಿದ್ದರು. ಅಂಗಳ ನೋಡನೋಡುತ್ತ ಹೊಂಡವಾಯಿತು. ಜನ ತಗಡಿನ ಮಾಡಿನ ಕೆಳಗೆ ನುಗ್ಗಿ “ಹವಾಮಾನಾ!” ಎಂದು ಕೂಗಿ ಅವನನ್ನು ಹೆಗಲ ಮೇಲೆ ಎತ್ತಿದರು. ಪಕ್ಕೆಗೆ ತಿವಿದಿದ್ದ ಮೊಣಕೈಗಳೇ ಈಗ ಕಾಲು ಹಿಡಿದಿದ್ದವು. ಗೋಂದಿನಕ್ಕ ಹಲಗೆ ಬಡಿದಂತೆ ಚಪ್ಪಾಳೆ ತಟ್ಟಿದಳು.

ಯಜಮಾನರು ಅವನನ್ನು ಕೆಳಗಿಳಿಸಿ ಬೆನ್ನು ಚಪ್ಪರಿಸಿದರು. ಕಣ್ಣು ಒದ್ದೆಯಾಗಿತ್ತು, ಮಳೆಯೋ ಮಾಲೋ ತಿಳಿಯದು. “ಕೇಳಪ್ಪಾ. ಏನು ಬೇಕು ಕೇಳು. ಇಲ್ಲ ಅನ್ನಲ್ಲ.”

“ಲೇಬಲ್ ಮೇಜಿನ ಸ್ಟೂಲು ಸಾರ್” ಎಂದ ಅವನು. “ಕೂತು ಮಾಡೋ ಕೆಲಸ ಕೊಟ್ಟುಬಿಡಿ. ಮಂಡಿಗೆ ನೋವಿದೆ ಅಂತ ಇವತ್ತು ಎಲ್ರೂ ನೋಡಿದ್ರಲ್ಲ.”

“ಇಷ್ಟೇನಾ? ಆಯ್ತು, ಕೊ—”

“ಸಾರ್, ಒಂದು ನಿಮಿಷ” ಎಂದು ಮ್ಯಾನೇಜರು ಒದ್ದೆ ಸೀಟಿಯನ್ನು ಕೊಡವುತ್ತ ಅವರ ಕಿವಿಯ ಬಳಿ ಬಗ್ಗಿದರು. ಗುಟ್ಟಿನ ಮಾತೇ, ಆದರೆ ತಗಡಿನ ಮೇಲೆ ಮಳೆಯ ಸದ್ದಿಗೆ ಕೂಗಿಯೇ ಹೇಳಬೇಕಾಯಿತು. “ಕೂರಿಸಿದ್ರೆ ಆ ಮಂಡಿ ವಾಸಿಯಾಗಿಬಿಡತ್ತೆ ಸಾರ್!”

ಯಜಮಾನರ ಕೈ ಹವಾಮಾನನ ಬೆನ್ನ ಮೇಲೆ ಚಪ್ಪರಿಸುವುದನ್ನು ನಿಲ್ಲಿಸಿತು. ಅಂಗಳದ ನೀರನ್ನು ನೋಡಿದರು. ಗೋದಾಮಿನ ಬಾಗಿಲನ್ನು ನೋಡಿದರು.

“ವಾಸಿ ಆಗಬಾರದಲ್ಲ” ಎಂದರು, ಯಾರಿಗೋ ನೆಗಡಿಯಾದಷ್ಟು ಕನಿಕರದಿಂದ. “ಅಂಥ ಮಂಡಿ ಮತ್ತೆ ಎಲ್ಲಿ ಸಿಗತ್ತೆ?”

“ಅದೇ ಯಂತ್ರ, ಅದೇ ಪೆಡಲು ಸಾರ್. ಒಂದಿಷ್ಟೂ ಬದಲಾಯಿಸಬಾರದು.”

“ಸಾರ್, ಸ್ಟೂಲು...” ಎಂದ ಹವಾಮಾನ.

ಯಜಮಾನರು ಬಗ್ಗಿ, ಮೊದಲ ಬಾರಿಗೆ ಅವನ ಎರಡು ಕಾಲನ್ನೂ ಗಮನವಿಟ್ಟು ನೋಡಿದರು. “ಎಡಗಡೇದು ಹೇಗಿದೆ?”

ಅದನ್ನಾದರೂ ಹೆಮ್ಮೆಯಿಂದ ಹೇಳಬಹುದು ಎನ್ನಿಸಿತು ಅವನಿಗೆ. ಎಡಗಾಲು ಊರಿ ನೆಟ್ಟಗೆ ನಿಂತ. “ಅದು ಕಲ್ಲಿನ ಹಾಗೆ ಗಟ್ಟಿಯಾಗಿದೆ ಸಾರ್. ಒಂದು ದಿನಾನೂ ನೋವು ಅಂದಿಲ್ಲ.”

“ಛೆ!” ಯಜಮಾನರು ಮ್ಯಾನೇಜರ ಕಡೆ ತಿರುಗಿದರು. “ಸುಮ್ಮನೆ ದಂಡವಾಗ್ತಿದೆಯಲ್ಲಪ್ಪ. ನಾಳೆಯಿಂದ ಅದಕ್ಕೂ ಒಂದು ಪೆಡಲು ಹಾಕಿಸಿ.”